ಮನೆಗೆ ಕಾರೋ, ದುಡಿಮೆಗೆ ಪಿಕಪ್ಪೋ

ಐದಾರು ಲಕ್ಷ ರೂಪಾಯಿ ಹೊಂದಿಸಿಕೊಂಡ ಸಣ್ಣ ವ್ಯಾಪಾರಿಯ ಮನೆಯಲ್ಲಿ, ತರಕಾರಿ ಬೆಳೆಯುವ ರೈತನ ಮನೆಯಲ್ಲಿ ಈಗ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಆ ದುಡ್ಡಿಗೆ ವ್ಯಾಗನ್‌ಆರ್‌ನಂಥ ಸಣ್ಣ ಕಾರೂ ಬರುತ್ತದೆ, ಟಾಟಾ ಏಸ್ ಅಥವಾ ಮಾರುತಿ ಸೂಪರ್ ಕ್ಯಾರಿಯಂಥ ಪುಟ್ಟ ಗೂಡ್ಸ್ ಗಾಡಿಯೂ ಬರುತ್ತದೆ. 2005ರಲ್ಲಿ ಏಸ್ ಮಾರುಕಟ್ಟೆಗೆ ಇಳಿಯುವ ಮೊದಲು ಈ ಪ್ರಶ್ನೆ ಹೆಚ್ಚು ಜನರನ್ನು ಕಾಡುತ್ತಿರಲಿಲ್ಲ. ಮೂರು ಚಕ್ರದ ಗೂಡ್ಸ್ ಆಟೊಗೂ ದೊಡ್ಡ ಲಾರಿಗೂ ನಡುವಿನ ಜಾಗ ಹೆಚ್ಚುಕಡಿಮೆ ಖಾಲಿಯೇ ಇತ್ತು. ಈಗ ಆಯ್ಕೆ ಇನ್ನೂ ಹತ್ತಿರ ಬಂದಿದೆ. 2025ರ ಜೂನ್‌ನಲ್ಲಿ ಏಸ್ ಪ್ರೊ 3.99 ಲಕ್ಷದ ಆರಂಭಿಕ ಬೆಲೆಗೆ ಬಂತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೂ ಸರಕು ವಾಹನಕ್ಕೂ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಷೋರೂಮಿನ ಬೆಲೆಪಟ್ಟಿ ನೋಡಿ ತೀರ್ಮಾನಿಸುವ ಕಾಲ ಇದಲ್ಲ. ತಿಂಗಳಿನ ಬಹುಪಾಲು ದಿನ ಗಾಡಿ ತುಂಬುವಷ್ಟು ಹೊರೆ ಇದ್ದವರು ಪಿಕಪ್ ಕೊಳ್ಳಲಿ. ಉಳಿದವರು ಕಾರು ಕೊಂಡು, ಹೊರೆ ಬಿದ್ದ ದಿನ ಗಾಡಿಯನ್ನು ಬಾಡಿಗೆಗೆ ಹಿಡಿಯಲಿ ಎಂಬುದು ನನ್ನ ವಾದ.

ಇದಕ್ಕೆ ಮುಖ್ಯ ಕಾರಣ, ಬಾಡಿಗೆಗೆ ಯಾವುದು ಸುಲಭವಾಗಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಎಪಿಎಂಸಿ ಗೇಟಿನ ಬಳಿ, ಸಿಮೆಂಟು-ಕಬ್ಬಿಣದ ಅಂಗಡಿಗಳ ಮುಂದೆ ಹಳದಿ ಬೋರ್ಡಿನ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಹೊರೆಯೆಂಬುದು ಸಾಮಾನ್ಯವಾಗಿ ಮುಂಚೆಯೇ ತಿಳಿದಿರುವ ಕೆಲಸ. ನಾಳೆ ಟೊಮೆಟೊ ಕೀಳಬೇಕು, ಮುಂದಿನ ವಾರ ಅಂಗಡಿಗೆ ಮಾಲು ಬರಬೇಕು ಎಂಬುದು ಗೊತ್ತಿರುವುದರಿಂದ ಗಾಡಿ ಹೇಳಿಟ್ಟುಕೊಳ್ಳಬಹುದು. ಮನುಷ್ಯರ ಪ್ರಯಾಣ ಹಾಗಲ್ಲ. ಹಳ್ಳಿಯಲ್ಲಿ ನಡುರಾತ್ರಿ ಮಗುವಿಗೆ ಜ್ವರ ಏರಿದಾಗ, ವಯಸ್ಸಾದವರಿಗೆ ಎದೆನೋವು ಬಂದಾಗ ಕರೆದೊಡನೆ ಬರುವ ಕಾರು ಎಷ್ಟು ಊರುಗಳಲ್ಲಿದೆ? ಸುಲಭವಾಗಿ ಸಿಗುವುದನ್ನು ಬಾಡಿಗೆಗೆ ಬಿಟ್ಟು, ಸಿಗದಿರುವುದನ್ನು ಮನೆ ಮುಂದೆ ಇಟ್ಟುಕೊಳ್ಳುವುದೇ ಲೆಕ್ಕ.

ಪಿಕಪ್ಪಿನ ಶಕ್ತಿಯನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಏಸ್ ಪ್ರೊ 750 ಕೆ.ಜಿ. ಹೊರುತ್ತದೆ, ಪೆಟ್ರೋಲ್ ಸೂಪರ್ ಕ್ಯಾರಿ 740 ಕೆ.ಜಿ. ಕೋಲಾರದ ಮಂಡಿಗೆ ಹೋಗುವ 15 ಕೆ.ಜಿ. ಟೊಮೆಟೊ ಬಾಕ್ಸಿನ ಲೆಕ್ಕದಲ್ಲಿ, ಬಾಕ್ಸಿನ ತೂಕ ಬಿಟ್ಟರೆ, ಒಂದು ಸಲಕ್ಕೆ ಸುಮಾರು 50 ಬಾಕ್ಸು. ವ್ಯಾಗನ್‌ಆರ್‌ನ ಡಿಕ್ಕಿ 341 ಲೀಟರು; ಐದು ಜನ, ಅವರ ಚೀಲ ಎಲ್ಲ ಸೇರಿ ಅದು ಹೊರಬಹುದಾದ ಭಾರ ಸುಮಾರು 500 ಕೆ.ಜಿ. ಆದರೆ ಈ ಶಕ್ತಿಯನ್ನು ಬಳಸಲಿ, ಬಿಡಲಿ, ಅದರ ಖರ್ಚು ಮಾತ್ರ ವರ್ಷವಿಡೀ ನಡೆಯುತ್ತದೆ. 2022ರಲ್ಲಿ ನಿಗದಿಯಾದ ದರದಂತೆ 1000 ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,094 ರೂಪಾಯಿ. 7,500 ಕೆ.ಜಿ.ಯೊಳಗಿನ ನಾಲ್ಕು ಚಕ್ರದ ಸರಕು ವಾಹನಕ್ಕೆ 16,049 ರೂಪಾಯಿ, ಅಂದರೆ ಏಳೂವರೆ ಪಟ್ಟಿಗಿಂತ ಹೆಚ್ಚು. ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ; ಹಳದಿ ಬೋರ್ಡಿನ ಗಾಡಿ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿಕೊಳ್ಳಬೇಕು. ಎಫ್‌ಸಿಗೆ ಮುಂಚೆ ಬಣ್ಣ, ಬ್ರೇಕು, ಟೈರಿನ ಖರ್ಚು, ಗಾಡಿ ನಿಂತ ದಿನಗಳ ನಷ್ಟ ಬೇರೆ. ಹೆದ್ದಾರಿಯಲ್ಲಿ 200 ಸಲ ಓಡಾಡಲು 2025ರಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸೂ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ.

ಖಾಲಿ ಇರುವ ದಿನ ಬಾಡಿಗೆಗೆ ಬಿಟ್ಟರೆ ಗಾಡಿ ತಾನೇ ದುಡಿಯುತ್ತದಲ್ಲ ಎನ್ನುವುದು ಎಲ್ಲರೂ ಮೊದಲು ಎತ್ತುವ ಆಕ್ಷೇಪ. ಗಾಡಿ ತಾನಾಗಿ ದುಡಿಯುವುದಿಲ್ಲ, ಅದರೊಡನೆ ಒಬ್ಬ ಮನುಷ್ಯ ದುಡಿಯಬೇಕು. ಅಂಗಡಿಯವನು ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾದು ಕುಳಿತರೆ ಅಂಗಡಿ ನೋಡುವವರು ಯಾರು? ಚಾಲಕನನ್ನು ಇಟ್ಟರೆ, ಬಾಡಿಗೆ ಸಿಗದ ದಿನವೂ ಅವನ ಸಂಬಳ ಕೊಡಬೇಕು. ಎಪಿಎಂಸಿ ಗೇಟಿನಲ್ಲಿ ಗಾಡಿಗಳ ಸಾಲು ನಿಂತಿರುವುದೇ ಅಲ್ಲಿ ಬಾಡಿಗೆಗಿಂತ ಗಾಡಿ ಹೆಚ್ಚಾಗಿವೆ ಎಂಬುದಕ್ಕೆ ಸಾಕ್ಷಿ. ಬೆಳೆ ಬಂದ ಕಾಲದಲ್ಲಿ ಎಲ್ಲರಿಗೂ ಒಟ್ಟಿಗೆ ಗಾಡಿ ಬೇಕು, ಆಗ ನಿಮಗೂ ಬೇಕು. ನಿಮ್ಮದು ಖಾಲಿ ಇರುವ ತಿಂಗಳಲ್ಲಿ ಉಳಿದವರದೂ ಖಾಲಿ. ಸಾಗಣೆಯನ್ನೇ ಕಸುಬು ಮಾಡಿಕೊಂಡವರ ಮಾತು ಬೇರೆ. ಅವರು ದಿನಕ್ಕೆ ಎರಡು ಮೂರು ಟ್ರಿಪ್ ಹೊಡೆದು ಕಂತು ತೀರಿಸುತ್ತಾರೆ. ಉಪಕಸುಬಾಗಿ ಅದನ್ನು ನಂಬಿ ಸಾಲ ಮಾಡುವುದು ಅಪಾಯ.

ಹಾಗಾದರೆ ಕಾರಿನ ಹಿಂದಿನ ಸೀಟು ಮಡಚಿ ಮಾಲು ತುಂಬಿದರಾಯಿತು ಎಂಬುದು ಇನ್ನೊಂದು ಕಡೆಯ ಮಾತು. ಬೆಲೆಬಾಳುವ, ಹಗುರವಾದ ಸರಕಿನ ವ್ಯಾಪಾರಿಗಳು ಹಾಗೆ ಮಾಡುವುದುಂಟು. ಆದರೆ ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ಹೆಚ್ಚು ಜನ ಓದದ ಒಂದು ಷರತ್ತಿದೆ: ಸ್ಯಾಂಪಲ್ ಅಥವಾ ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಲು ಬಳಸಿದರೆ ಆ ಬಳಕೆ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ವಾರದ ದಿನಸಿ, ತೋಟದಿಂದ ತಂದ ಎರಡು ಚೀಲ ತೆಂಗಿನಕಾಯಿಗೆ ಯಾರೂ ತಕರಾರು ತೆಗೆಯಲಾರರು. ದಿನವೂ ಅಂಗಡಿಯ ಮಾಲು ಹೊರುವ ಕಾರು ಅಪಘಾತಕ್ಕೆ ಸಿಕ್ಕರೆ ಪರಿಹಾರದ ವೇಳೆ ಈ ಸಾಲು ಎದುರು ಬಂದು ನಿಲ್ಲುತ್ತದೆ. ಆದ್ದರಿಂದ ಕಾರು ಕೊಂಡವರು ಅದನ್ನು ಕಾರಾಗಿಯೇ ಬಳಸಬೇಕು, ಹೊರೆಯ ಬಾಡಿಗೆಯನ್ನು ವ್ಯಾಪಾರದ ಖರ್ಚಿನಲ್ಲಿ ಬರೆದುಕೊಳ್ಳಬೇಕು.

ಇದಕ್ಕಿಂತ ಘೋರವಾದದ್ದು ಇದರ ತಿರುವುಮುರುವು, ಗೂಡ್ಸ್ ಗಾಡಿಯ ಹಿಂದೆ ಜನರನ್ನು ತುಂಬುವುದು. ಮದುವೆ ದಿಬ್ಬಣ, ಜಾತ್ರೆ, ತೋಟದ ಕೂಲಿ ಕೆಲಸ, ಎಲ್ಲಕ್ಕೂ ಇದು ರೂಢಿಯಾಗಿಬಿಟ್ಟಿದೆ. ಮನೆಯಲ್ಲಿ ಪಿಕಪ್ ಒಂದೇ ಇದ್ದಾಗ ಹೆಂಡತಿ ಮಕ್ಕಳು ಹಿಂದೆ ಕೂರುವುದು ಅನಿವಾರ್ಯವೆನಿಸುತ್ತದೆ, ಏಕೆಂದರೆ ಏಸ್, ಸೂಪರ್ ಕ್ಯಾರಿಗಳಲ್ಲಿ ಚಾಲಕನ ಪಕ್ಕ ಇರುವುದು ಒಂದೇ ಸೀಟು. ಹೀಗೆ ಜನರನ್ನು ಸಾಗಿಸಲು ಕಾನೂನಿನ ಒಪ್ಪಿಗೆಯಿಲ್ಲ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣ ಮಾಡಿದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ಎರಡು ದಶಕಗಳ ಹಿಂದೆಯೇ ಹೇಳಿದೆ. ಗಾಡಿ ಮಗುಚಿದರೆ ಜೀವದ ಜೊತೆ ಮನೆಯ ಆಸರೆಯೂ ಹೋಗುತ್ತದೆ. ಕ್ಯಾಬಿನ್‌ನೊಳಗೂ ಕಾರಿನಷ್ಟು ರಕ್ಷಣೆ ಇಲ್ಲ: ಎಂಜಿನ್ ಸೀಟಿನ ಅಡಿಯಲ್ಲಿದೆ, ಕಾಲಿನ ಮುಂದೆ ಬಾನೆಟ್ ಇಲ್ಲ. ಹೊಸ ಕಾರುಗಳಿಗೆ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯ ಮಾಡಿದ ನಿಯಮ ಸರಕು ಗಾಡಿಗೆ ಅನ್ವಯಿಸುವುದಿಲ್ಲ. ಕುಟುಂಬಕ್ಕೂ ಆಗುತ್ತದೆ, ದುಡಿಮೆಗೂ ಆಗುತ್ತದೆ ಎಂದುಕೊಂಡು ಪಿಕಪ್ ತರುವವರು ಮನೆಯವರ ಸುರಕ್ಷತೆಯನ್ನು ಬಿಟ್ಟುಕೊಡುತ್ತಿದ್ದಾರೆ ಎಂಬುದು ನನ್ನ ಖಚಿತ ನಂಬಿಕೆ.

ಹೊರೆ ನಿಜವಾಗಿಯೂ ದಿನನಿತ್ಯದ್ದಾದರೆ ಅಂಜಬೇಕಾದ್ದಿಲ್ಲ. ಹಾಲು, ನೀರಿನ ಕ್ಯಾನು, ಶಾಮಿಯಾನ, ಅಡುಗೆ ಗುತ್ತಿಗೆ, ಸಗಟು ತರಕಾರಿ ಮೊದಲಾದ ಕಸುಬಿನವರಿಗೆ ಪಿಕಪ್ಪೇ ಸರಿ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಕಾರಿನ ಲೈಸೆನ್ಸ್ ಇದ್ದವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದವರಿಗೆ ಇನ್ನೊಂದು ಅನುಕೂಲವಿದೆ. ತೆರಿಗೆ ಬಿಟ್ಟು 5 ಲಕ್ಷ ಬೆಲೆಯ ಗಾಡಿಗೆ ಕಟ್ಟಿದ 90,000 ರೂಪಾಯಿ ಜಿಎಸ್‌ಟಿಯನ್ನು, ಅದು ವ್ಯಾಪಾರದ ಸರಕು ಸಾಗಿಸುವುದಾದರೆ, ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾರಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಎರಡಕ್ಕೂ ಇಲ್ಲ. ಆದರೆ ಹೊರೆಯನ್ನು ಕಾಗದದ ಮಿತಿಯಲ್ಲೇ ಇಡಬೇಕು. ಮಿತಿಮೀರಿ ಹೇರಿದರೆ ದಂಡ 20,000 ರೂಪಾಯಿಯಿಂದಲೇ ಶುರು.

ಬೆಂಗಳೂರಿನಂಥ ನಗರದಲ್ಲಿ ನನ್ನ ವಾದದ ಒಂದು ಕಾಲು ಸಡಿಲವಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಮೊಬೈಲಿನಲ್ಲಿ ಗೂಡ್ಸ್ ಗಾಡಿ ಸಿಗುವಷ್ಟೇ ಸುಲಭವಾಗಿ ನಡುರಾತ್ರಿ ಟ್ಯಾಕ್ಸಿಯೂ ಸಿಗುತ್ತದೆ. ಹಾಗಾಗಿ ನಗರದ ವ್ಯಾಪಾರಿ ಹೊರೆಯ ದಿನಗಳನ್ನಷ್ಟೇ ಎಣಿಸಿದರೆ ಸಾಕು. ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಸಾಗಣೆಗೆ ಕೊಟ್ಟ ಬಾಡಿಗೆಯನ್ನು ಕೂಡಿ, ಅದರ ಪಕ್ಕದಲ್ಲಿ ಪಿಕಪ್ಪಿನ ಕಂತು, ವಿಮೆ, ಎಫ್‌ಸಿ, ಚಾಲಕನ ಸಂಬಳವನ್ನು ಬರೆದುಕೊಳ್ಳಲಿ. ಬಾಡಿಗೆಯ ಮೊತ್ತ ದೊಡ್ಡದಾಗಿದ್ದರೆ ಹಳದಿ ಬೋರ್ಡಿನ ಗಾಡಿ ತರಲಿ, ಮನೆಯವರು ಟ್ಯಾಕ್ಸಿಯಲ್ಲಿ ಓಡಾಡಲಿ.