ಕೊಲ್ಲಾಪುರದ ಮೇಬ್ಯಾಕ್ ಕರೋಶಿಯ ಬಡಗಿಕಟ್ಟೆಯ ಮೇಲೆ ನಿಲ್ಲಬಾರದೇಕೆ?

ಕರೋಶಿ: ದಸರಾ ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆಯ ಜನಕ್ಕೆ ಕೊಲ್ಲಾಪುರದ ಅಂಬಾಬಾಯಿ ನೆನಪಾಗುತ್ತಾಳೆ. ಹೋದವರು ದೇವಿಯ ದರ್ಶನ ಮುಗಿಸಿ, ವಿಜಯದಶಮಿಯ ಸಂಜೆ ದಸರಾ ಚೌಕಿನ ಗದ್ದಲದಲ್ಲಿ ನಿಂತು, ಕೈಗೆ ಸಿಕ್ಕಷ್ಟು 'ಬಂಗಾರ' ಕಿಸೆಗೆ ಹಾಕಿಕೊಂಡು ತಿರುಗುತ್ತಾರೆ. ಆ ಗದ್ದಲದೊಳಗೆ ಒಂದು ಮೋಟಾರು ಬರುತ್ತದೆ. ಛತ್ರಪತಿ ಮನೆತನದವರು ಅದರಲ್ಲಿ ಕೂತಿರುತ್ತಾರೆ. 'ಮೇಬ್ಯಾಕ್ ಬಂತ್ ನೋಡ್ರಿ, ಮೇಬ್ಯಾಕ್' ಎಂದು ಜನ ಮೊಬೈಲ್ ಎತ್ತುತ್ತಾರೆ. ಹತ್ತು ನಿಮಿಷ ಕಳೆದರೆ ಮೋಟಾರೂ ಇಲ್ಲ, ಮೊಬೈಲೂ ಇಲ್ಲ. ಮತ್ತೆ ಬರುವ ವರ್ಷವೇ.

ಆ ಮೋಟಾರಿನ ಮರಿಯೊಂದನ್ನು ಅಳತೆಗೆ ತಪ್ಪದಂತೆ ನಮ್ಮೂರಿನಲ್ಲಿ ಕಟ್ಟಬಹುದೇ ಎಂಬುದು ಇಂದಿನ ಅಂಕಣದ ಪ್ರಶ್ನೆ. ಕಟ್ಟಬಹುದು, ಕಟ್ಟಬೇಕು ಎಂಬುದು ಈ ವರದಿಗಾರನ ವಾದ. 'ಆಟಿಗಿ ಸಾಮಾನದ ಸುದ್ದೀನ ಪೇಪರಿನ್ಯಾಗ ಬರಿತೀರೇನ್ರಿ?' ಎಂದು ಕಟ್ಟೆಯ ಮೇಲೆ ಕೂತವರು ನಗುವುದು ಗೊತ್ತಿದ್ದದ್ದೇ. ನಗಲಿ. ಆದರೆ ಪೂರ್ತಿ ಓದಿ ನಗಬೇಕು.

ಮೊದಲು ಮೂಲ ಮೋಟಾರಿನ ಜಾತಕ. ಮೇಬ್ಯಾಕ್ ಜರ್ಮನಿಯ ಕಂಪನಿ. (ಅವರ ಬಾಯಲ್ಲಿ ಅದು 'ಮೈಬಾಖ್'. ಕೊಲ್ಲಾಪುರದ ಬಾಯಿಗೆ ಬಂದು ಮೇಬ್ಯಾಕ್ ಆಯಿತು. ನಮಗೂ ಅದೇ ಇರಲಿ.) ಮೊದಲ ಮರ್ಸಿಡಿಸ್ ಕಾರನ್ನು ರೂಪಿಸಿದ ವಿಲ್ಹೆಲ್ಮ್ ಮೇಬ್ಯಾಕ್ ಮತ್ತು ಅವರ ಮಗ ಕಾರ್ಲ್ ಸೇರಿ 1909ರಲ್ಲಿ ಆರಂಭಿಸಿದ ಕಾರಖಾನೆಯಿದು. ಮೊದಲು ಮಾಡಿದ್ದು ಆಕಾಶದಲ್ಲಿ ತೇಲುವ ಜೆಪ್ಪೆಲಿನ್ ವಿಮಾನಗಳ ಇಂಜಿನ್. ಕಾರು ಮಾಡತೊಡಗಿದ್ದು 1921ರಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ನಿಂತುಹೋಯಿತು. ಅಷ್ಟು ವರ್ಷಗಳಲ್ಲಿ ಹೊರಬಿದ್ದ ಕಾರುಗಳು ಸುಮಾರು 1,800 ಮಾತ್ರ. ಮೇಬ್ಯಾಕ್ ಎಂಬ ಹೆಸರು 2002ರಲ್ಲಿ ಮತ್ತೆ ರಸ್ತೆಗೆ ಬಂದದ್ದು ಬೇರೆ ಕಥೆ.

ನಮ್ಮ ಕೆಲಸಕ್ಕೆ ಮುಖ್ಯವಾದ ಮಾತು ಇಲ್ಲಿದೆ. ಮೇಬ್ಯಾಕ್ ಕಂಪನಿ ಮಾರುತ್ತಿದ್ದುದು ಇಂಜಿನ್ನು, ಚಾಸಿ, ಗಾಲಿ ಇಷ್ಟೇ. ಮೇಲಿನ ಮೈಯನ್ನು ಬೇರೆ ಬಡಗಿ-ಕಮ್ಮಾರರು, ಅಂದರೆ ಸಾರೋಟು ಕಟ್ಟುತ್ತಿದ್ದ ಪೈಕಿಯವರು, ಕೊಳ್ಳುವವನು ಹೇಳಿದ ಹಾಗೆ ಕಟ್ಟಿಕೊಡುತ್ತಿದ್ದರು. ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಕೈಯಿಂದ ಬಡಿದ ತಗಡು. ಅರ್ಥ ಇಷ್ಟೇ: ಒಂದು ಮೇಬ್ಯಾಕ್ ಇದ್ದ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಕೊಲ್ಲಾಪುರದ್ದು 1930ರ ದಶಕದ್ದು, ಶಾಹೂ ಮಹಾರಾಜರ ಮಗ ರಾಜಾರಾಮ ಮಹಾರಾಜರ (1922-1940) ಕಾಲದ್ದು. ಪೇಟೆಯಲ್ಲಿ ಡಬ್ಬಿಯಲ್ಲಿ ಸಿಗುವ ಬೇರೊಂದು ಮೇಬ್ಯಾಕಿನ ಬಿಡಿಭಾಗ ತಂದು ಅಂಟಿಸಿದರೆ ಅದು ಕೊಲ್ಲಾಪುರದ ಮೋಟಾರು ಆಗುವುದಿಲ್ಲ. ಕೈಯಿಂದ ಹುಟ್ಟಿದ್ದಕ್ಕೆ ಕೈಯಿಂದಲೇ ಮರಿ ಹುಟ್ಟಬೇಕು.

ಮೋಟಾರಿಗೆ ಮರಿ ಮಾಡಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1910ರ ಹೊತ್ತಿಗೆ ಕಲ್ಕತ್ತೆಯಲ್ಲಿ ಮ್ಯಾಥ್ಯೂಸನ್ ಎಂಬ ಶ್ರೀಮಂತ ದೊರೆ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಒಂದು ಕಾರು ಮಾಡಿಸಿದ. ಅದರ ಮುಂಭಾಗ ಪೂರಾ ಹಂಸ! ಹಂಸದ ಕೊಕ್ಕಿನಿಂದ ಬಿಸಿ ನೀರಿನ ಹಬೆ ಚಿಮ್ಮಿ ದಾರಿ ಬಿಡಿಸುತ್ತಿತ್ತು. ಹಿಂದಿನಿಂದ ಹಿಕ್ಕೆ ಹಾಕಿದ ಹಾಗೆ ಸುಣ್ಣದ ನೀರು ರಸ್ತೆಗೆ ಬೀಳುತ್ತಿತ್ತು. ಜನ ಗಾಬರಿಯಾಗಿ ಗಲಾಟೆಯೆದ್ದು ಪೊಲೀಸರು ಅದನ್ನು ಬೀದಿಗೆ ಬಾರದಂತೆ ತಡೆದರು. ಮುಂದೆ ಅದು ಪಂಜಾಬಿನ ನಾಭಾ ಮಹಾರಾಜರ ಪಾಲಾಯಿತು. ಅಲ್ಲಿ ಆ ಹಂಸಕ್ಕೆ ಬ್ಯಾಟರಿಯ ಮೇಲೆ ಓಡುವ ಒಂದು ಮರಿಹಂಸವನ್ನೂ ಕಟ್ಟಿಸಿದರು. ಇಂದು ತಾಯಿ-ಮರಿ ಎರಡೂ ನೆದರ್ಲೆಂಡ್ಸ್ ದೇಶದ ಹೇಗ್ ನಗರದ ಲೌಮನ್ ಮ್ಯೂಸಿಯಮ್ಮಿನಲ್ಲಿವೆ. ಕಲ್ಕತ್ತೆಯ ಹುಡುಗ ಅದನ್ನು ನೋಡಬೇಕೆಂದರೆ ಪಾಸ್‌ಪೋರ್ಟ್ ಮಾಡಿಸಬೇಕು. ಕೊಲ್ಲಾಪುರದ್ದು ಇನ್ನೂ ಕೊಲ್ಲಾಪುರದಲ್ಲಿದೆ. ಕಾಗಲ್ ದಾಟಿದರೆ ಬಂತು. ಮೂಲ ಕಣ್ಣೆದುರಿಗಿದ್ದಾಗಲೇ ಅಳತೆ ತೆಗೆದಿಟ್ಟುಕೊಳ್ಳಬೇಕು. ಹೋದ ಮೇಲೆ ಫೋಟೋ ಹುಡುಕುತ್ತ ಕೂರುವುದು ಯಾವ ಶಾಣ್ಯಾತನ?

ಸರಿ, ಮುಟ್ಟಲು ಬಿಡದ ಮೋಟಾರನ್ನು ಅಳೆಯುವುದು ಹ್ಯಾಗೆ? ಟೇಪು ಹಿಡಿದು ಹೋದರೆ ಪೊಲೀಸರು ಕೈ ಹಿಡಿಯುತ್ತಾರೆ. ಅದಕ್ಕೊಂದು ಯುಕ್ತಿ ಇದೆ. ಮೋಟಾರಿನ ನೇರ ಪಕ್ಕದಿಂದ, ಆದಷ್ಟು ದೂರ ನಿಂತು, ಗಾಲಿಯ ಗುಂಬದ ಎತ್ತರಕ್ಕೆ ಕ್ಯಾಮರಾ ಹಿಡಿದು ಒಂದು ಚಿತ್ರ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಮೂತಿ ಉಬ್ಬಿ, ಬಾಲ ಸಣ್ಣದಾಗಿ ಕಾಣುತ್ತದೆ, ಅಳತೆ ಕೆಟ್ಟಿತು. ಗಾಲಿಯೊಂದರ ನಿಜವಾದ ಎತ್ತರ ಗೊತ್ತಾದರೆ ಉಳಿದದ್ದೆಲ್ಲ ಲೆಕ್ಕ. ಟೈರಿನ ಅಳತೆಯನ್ನು ಟೈರಿನ ಮೈಮೇಲೆಯೇ ಅಚ್ಚು ಹಾಕಿರುತ್ತಾರಲ್ಲ!

ಎಲ್ಲರೂ ಕಂಡ ಅಂಬಾಸಿಡರ್ ಕಾರನ್ನೇ ತಗೊಳ್ಳಿ. ಉತ್ತರಪಾಡಾದ ಕಾರಖಾನೆ 2014ರಲ್ಲಿ ನಿಂತಿತು, ಆದರೂ ನಮ್ಮ ಕಡೆ ಅದನ್ನು ಕಾಣದವರಿಲ್ಲ. ಅದರ ಗಾಲಿ ಟೈರು ಸಹಿತ ಸುಮಾರು 67 ಸೆಂಟಿಮೀಟರ್. ಚಿತ್ರದಲ್ಲಿ ಗಾಲಿ 20 ಮಿಲಿಮೀಟರ್ ಬಂದು, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 73 ಚಿಲ್ಲರೆ ಬಂತೆನ್ನಿ. ಗುಣಿಸಿ ನೋಡಿದರೆ ಎರಡೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಕಂಪನಿಯ ಪುಸ್ತಕದಲ್ಲಿರುವುದು 2,464 ಮಿಲಿಮೀಟರ್. ಏಳನೇ ಇಯತ್ತೆಯ ಹುಡುಗನ ಗಣಿತ ಇದು. ಮೇಬ್ಯಾಕಿಗೂ ಇದೇ ಲೆಕ್ಕ ನಡೆಯುತ್ತದೆ.

ಇನ್ನು ಎಷ್ಟಕ್ಕೆ ಇಳಿಸಬೇಕು? ಹೊರದೇಶದ ಹವ್ಯಾಸಿಗಳು 1:24 ಅನ್ನುತ್ತಾರೆ. ಅಡಿಗೆ ಅರ್ಧ ಇಂಚಿನ ಲೆಕ್ಕ ಅದು. 1:12 ಅಂದರೆ ಅಡಿಗೆ ಒಂದು ಇಂಚು. 1:43 ಎಂಬ ವಿಚಿತ್ರ ಸಂಖ್ಯೆ ಆಟಿಕೆ ರೈಲಿನಿಂದ ಬಂದದ್ದು, ಅಡಿಗೆ 7 ಮಿಲಿಮೀಟರ್. ಐದು ಮೀಟರಿನ ಕಾರು 1:24ಕ್ಕೆ ಇಳಿದರೆ ಗೇಣಿನಷ್ಟು, ಸುಮಾರು 21 ಸೆಂಟಿಮೀಟರ್. ಅಷ್ಟು ಸಣ್ಣದಕ್ಕೆ ಚಿಮುಟಿಗೆ ಬೇಕು, ಭೂತಗನ್ನಡಿ ಬೇಕು. ನನ್ನ ಕೇಳಿದರೆ ನಮಗೆ 1:10 ಬೆಸ್ಟು. ಮೀಟರಿಗೆ ಹತ್ತು ಸೆಂಟಿಮೀಟರ್. ಲೆಕ್ಕ ಬಾಯಲ್ಲೇ ಆಗುತ್ತದೆ. ಐದು ಮೀಟರಿನದು ಅರ್ಧ ಮೀಟರ್ ಆಗಿ ಸಾಲಿಯ ಮೇಜಿನ ಮೇಲೆ ಅಂದವಾಗಿ ಕೂರುತ್ತದೆ. ಹವ್ಯಾಸಿಗಳ ಪಂಕ್ತಿಯಲ್ಲಿ ಇದಕ್ಕೆ ಮಾನ ಕಡಿಮೆ, ಇರಲಿ ಬಿಡಿ.

ಕಟ್ಟುವ ಕ್ರಮಕ್ಕೆ ಬರೋಣ. ಮೊದಲು ಹಗುರ ಕಟ್ಟಿಗೆಯಲ್ಲಿ ಇಡೀ ಮೈಯ ದಿಮ್ಮಿ ಕೆತ್ತಬೇಕು. ಬರೀ ಕಣ್ಣಳತೆಯಲ್ಲಿ ಕೆತ್ತಿದರೆ ಎಡಗಡೆ ಮಡ್‌ಗಾರ್ಡು ಒಂದು ನಮೂನಿ, ಬಲಗಡೆಯದು ಇನ್ನೊಂದು ನಮೂನಿ ಆಗುತ್ತದೆ. ಅದಕ್ಕೇ ಪ್ರತಿ ಎರಡು ಸೆಂಟಿಮೀಟರಿಗೊಂದು ರಟ್ಟಿನ ಅಚ್ಚುಪಟ್ಟಿ ಕತ್ತರಿಸಿ, ದಿಮ್ಮಿಗೆ ಹಿಡಿದು ಹಿಡಿದು ನೋಡುತ್ತ ಕೆರೆಯಬೇಕು. ಎಡಕ್ಕೆ ಹಿಡಿದ ಪಟ್ಟಿಯನ್ನೇ ತಿರುಗಿಸಿ ಬಲಕ್ಕೆ ಹಿಡಿಯಬೇಕು. ತೇರಿನ ಕೆಲಸ ಬಲ್ಲ ಬಡಗಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತೇರಾದರೂ ಏನು? ಗಾಲಿಯ ಮೇಲೆ ಕೂಡಿಸಿದ ಗುಡಿಯ ಮಾದರಿಯೇ. ಹಂಪಿಯಲ್ಲಂತೂ ಕಟ್ಟಿಗೆಯ ತೇರನ್ನು ನೋಡಿ ಕಲ್ಲಿನಲ್ಲಿ ಮಾದರಿ ಮಾಡಿದರು. ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು-ಕಾಯಿ ಮಾಡಿ, ನಿಜವಾದದ್ದೆಂದು ಕೈ ಹಾಕುವಂತೆ ಬಣ್ಣ ಹಚ್ಚಿದ ಮಂದಿಯ ಜಿಲ್ಲೆ ನಮ್ಮದು.

ದಿಮ್ಮಿಯ ಮೇಲೆ ತೆಳು ಹಿತ್ತಾಳೆ ಅಥವಾ ಎಣ್ಣೆ ಡಬ್ಬಿಯ ತಗಡು ಬಡಿದು ಮೈ ತೆಗೆಯಬೇಕು. ಇಲ್ಲಿ ಸಣ್ಣದರ ಪೇಚು ಶುರುವಾಗುತ್ತದೆ. ನಿಜವಾದ ಮೋಟಾರಿನ ತಗಡು ಒಂದು ಮಿಲಿಮೀಟರ್ ದಪ್ಪ ಇದ್ದರೆ 1:10ರಲ್ಲಿ ಅದು 0.1 ಮಿಲಿಮೀಟರ್, ನೋಟ್‌ಬುಕ್ಕಿನ ಹಾಳೆಯಷ್ಟು! ಅಂಚುಗಳನ್ನಾದರೂ ಅಷ್ಟು ತೆಳ್ಳಗೆ ಅರದಿಂದ ತಿಕ್ಕದಿದ್ದರೆ ಬಾಗಿಲು ಕೋಟೆಯ ಬಾಗಿಲಿನಂತೆ ಕಾಣುತ್ತದೆ. ಬಣ್ಣವೂ ಹಾಗೆಯೇ. ಬ್ರಷ್ಷಿನಿಂದ ದಪ್ಪಗೆ ಬಳಿದರೆ ಬಾಗಿಲಿನ ಸಂದು ಮುಚ್ಚಿ, ಕೆತ್ತಿದ್ದೆಲ್ಲ ಹೂತುಹೋಗುತ್ತದೆ. ಗ್ಯಾರೇಜಿನವರ ಸ್ಪ್ರೇ ಗನ್ನು, ಬಣ್ಣಕ್ಕೆ ಥಿನ್ನರ್ ಹೆಚ್ಚು, ಪದರ ತೆಳು, ನಡುನಡುವೆ ನೀರುಕಾಗದದ ತಿಕ್ಕು. ಮಿನುಗುವ ಮೆಟಾಲಿಕ್ ಬಣ್ಣವಂತೂ ಬೇಡ. ಅದರ ಮಿನುಗು ಸಣ್ಣ ಕಾರಿನ ಮೇಲೆ ಅಭ್ರಕ ಚೆಲ್ಲಿದಂತೆ ಕಾಣುತ್ತದೆ.

ಬೆಳ್ಳಿ ಹೊಳಪಿನ ಪಟ್ಟಿಗಳಿಗೆ ಬಣ್ಣ ಹಚ್ಚುವುದಕ್ಕಿಂತ ತೆಳು ಅಲ್ಯುಮಿನಿಯಂ ಹಾಳೆ ಅಂಟಿಸಿ, ಹತ್ತಿಯಿಂದ ಉಜ್ಜಿ ಕೂರಿಸುವುದು ವಾಸಿ. ಪರದೇಶದ ನುರಿತವರೂ ಇದನ್ನೇ ಮಾಡುತ್ತಾರೆ. ದೀಪಕ್ಕೆ ಹಳೇ ಟಾರ್ಚಿನ ಬಟ್ಟಲು, ಗಾಜಿಗೆ ತಿಳಿ ಪ್ಲಾಸ್ಟಿಕ್ ಹಾಳೆ ನಡೆಯುತ್ತದೆ. ಆ ಕಾಲದ ಎಷ್ಟೋ ಕಾರುಗಳಿಗೆ ತಂತಿಕಡ್ಡಿಯ ಗಾಲಿ ಇರುತ್ತಿತ್ತು. ಅಂಥವಕ್ಕೆ ಭಜನಿ ಮಂದಿಯ ಏಕತಾರಿಯ ತಂತಿ ತಕ್ಕದ್ದು. ಗಾಲಿ ಕಟ್ಟುವುದು ಮಾತ್ರ ಮೈಮುರಿ ಕೆಲಸ. ಒಂದು ಕಡ್ಡಿ ಬಿಗಿ ಹೆಚ್ಚಾದರೆ ಗಾಲಿ ಹಪ್ಪಳದಂತೆ ಸೊಟ್ಟ.

ಸೀಟಿನ ವಿಷಯ ನನಗೆ ಭಾಳ ಖುಷಿ ಕೊಡುವಂಥಾದ್ದು. ಬಟ್ಟೆ ಹೊಲಿದು ಹಾಕಿದಿರೋ, ಅದರ ನೇಯ್ಗೆ ಹತ್ತು ಪಟ್ಟು ದೊಡ್ಡದಾಗಿ ಕಂಡು ರಾಜರ ಮೋಟಾರಿಗೆ ಗೋಣಿತಟ್ಟು ಹಾಸಿದಂತಾಗುತ್ತದೆ. ಕಾಗದದಷ್ಟು ತೆಳ್ಳಗೆ ಕೆರೆದ ತೊಗಲೇ ಬೇಕು. ತೊಗಲು ಕೆರೆಯುವ ಕೈಗಳು ಎಲ್ಲಿವೆ? ಅಥಣಿ, ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲಿ! ಹೆಸರಿಗೆ ಕೊಲ್ಲಾಪುರಿ ಚಪ್ಪಲಿ, ಹೊಲಿಯುವವರು ನಮ್ಮವರೂ ಹೌದು. 2019ರಲ್ಲಿ ಅದಕ್ಕೆ ಜಿ.ಐ. ಮುದ್ರೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ಕಾಗದದ ಮೇಲೆ ಬಂತು. ಚಪ್ಪಲಿ ಹೊಂಟ ದಾರಿಯಲ್ಲೇ ಮೋಟಾರೂ ಹೊರಟರೆ ಯಾರಿಗೇನು ತಕರಾರು?

'ಇಷ್ಟೆಲ್ಲಾ ಮಾಡಿ ಸಿಗೂದೇನು?' ನ್ಯಾಯವಾದ ಪ್ರಶ್ನೆ. ಅಮೆರಿಕೆಯ ಜನರಲ್ ಮೋಟಾರ್ಸ್ ಕಂಪನಿಯ ಫಿಶರ್ ಬಾಡಿ ಶಾಖೆ 1930ರಿಂದ 1968ರವರೆಗೆ ಹುಡುಗರಿಗಾಗಿ ಒಂದು ಸ್ಪರ್ಧೆ ನಡೆಸಿತು. ಮೊದಮೊದಲು ನೆಪೋಲಿಯನ್ ಕಾಲದ ಸಾರೋಟಿನ ಮಾದರಿ, 1:18ಕ್ಕೆ. ತುಸು ವರ್ಷಗಳ ಮೇಲೆ ತಾವೇ ಕಲ್ಪಿಸಿದ ಕಾರಿನ ಮಾದರಿ. ಗೆದ್ದವರಿಗೆ ಕಾಲೇಜು ಓದುವಷ್ಟು ದುಡ್ಡು. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಅದೇ ಕಂಪನಿಯ ವಿನ್ಯಾಸ ವಿಭಾಗಕ್ಕೆ ಮುಖ್ಯಸ್ಥನಾದ. ಮನೆಯ ಹಿತ್ತಲಲ್ಲಿ ಕಟ್ಟಿಗೆ ಕೆರೆದ ಹುಡುಗ! ಇಂದಿಗೂ ದೊಡ್ಡ ಕಂಪನಿಗಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದ ಮೇಲೂ ಜೇಡಿಯಲ್ಲಿ ಮಾದರಿ ಮಾಡಿ, ಕೈಯಾಡಿಸಿ ನೋಡಿಯೇ ಮುಂದಿನ ಮಾತು.

ಅಷ್ಟು ದೂರ ಬೇಡ ಅಂದರೆ ಪಕ್ಕದ ಸಾಂಗಲಿ ಜಿಲ್ಲೆ ನೋಡಿ. ಯಶವಂತರಾವ್ ಚವ್ಹಾಣರು ಹುಟ್ಟಿದ ದೇವರಾಷ್ಟ್ರೆ ಊರಿನ ಒಬ್ಬ ಲೋಹಾರ, ಗುಜರಿ ಸಾಮಾನು ಕೂಡಿಸಿ, ಸುಮಾರು 60 ಸಾವಿರ ರೂಪಾಯಿಯಲ್ಲಿ ಮಗನಿಗಾಗಿ ಸಣ್ಣ ಜೀಪು ಕಟ್ಟಿದ. ಕಿಕ್ ಹೊಡೆದರೆ ಚಾಲೂ! 2021ರ ಡಿಸೆಂಬರದಲ್ಲಿ ಅದನ್ನು ಕಂಡ ಆನಂದ ಮಹೀಂದ್ರಾ ಅವರು, ಕಾಯದೆ ಪ್ರಕಾರ ಇದನ್ನು ಇಂದಲ್ಲ ನಾಳೆ ತಡೆಯುತ್ತಾರೆ, ಬದಲಿಗೆ ಬೊಲೆರೊ ಕೊಡುತ್ತೇನೆ ಎಂದರು. ಮರುತಿಂಗಳೇ ಕೊಟ್ಟರು. ಮಾದರಿ ಕಟ್ಟುವವನಿಗೆ ಆ ಭಯವೂ ಇಲ್ಲ. ಅರ್ಧ ಮೀಟರಿನ ಮೇಬ್ಯಾಕಿಗೆ ಆರ್.ಟಿ.ಓ. ಪಾಸಿಂಗ್ ಯಾರೂ ಕೇಳುವುದಿಲ್ಲ.

ಒಬ್ಬನಿಂದ ಆಗುವ ಕೆಲಸ ಇದಲ್ಲ ಎಂಬುದು ನಿಜ. ಬಡಗಿ ಒಬ್ಬ, ತಗಡು ಬಡಿಯುವವ ಒಬ್ಬ, ಗ್ಯಾರೇಜಿನ ಪೇಂಟರ್, ತೊಗಲಿನ ಕೈ, ಲೆಕ್ಕಕ್ಕೆ ಇಬ್ಬರು ಸಾಲಿ ಹುಡುಗರು. ಈ ಆರು ಮಂದಿ ನಮ್ಮ ಯಾವ ದೊಡ್ಡ ಊರಿನಲ್ಲೂ ಸಿಗುತ್ತಾರೆ. ಒಂದೇ ಮೇಜಿನ ಸುತ್ತ ಕೂತದ್ದು ಮಾತ್ರ ಕಡಿಮೆ. ಮದುವೆ, ಊಟ, ಪಂಚಾಯತಿ ಎಲ್ಲದಕ್ಕೂ ಬೇರೆ ಬೇರೆ ಓಣಿ. ಮೋಟಾರಿನ ನೆಪದಲ್ಲಾದರೂ ಕೂಡಲಿ ಎಂಬ ಆಸೆ ಈ ವರದಿಗಾರನಿಗೆ ಇದ್ದರೆ ತಪ್ಪೇನು? ಅಗ್ಗದ ಪ್ಲಾಸ್ಟಿಕ್ ಕಾರು ಜಾತ್ರೆಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ, ಖರೆ. ಅದು ಎರಡು ದಿನಕ್ಕೆ ಗಾಲಿ ಕಳಚುತ್ತದೆ, ಅದೂ ಖರೆ.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳುವುದುಂಟು. ಮೆರವಣಿಗೆ ನಡೆಯುವುದು ಹೊತ್ತು ಇಳಿಯುವಾಗ. ಆ ಕೆಂಪು ಬಿಸಿಲಿನಲ್ಲಿ ತೆಗೆದ ಚಿತ್ರ ನೋಡಿ ಬಣ್ಣ ಕಲೆಸಿದರೆ ಮೋಸ ಹೋಗುತ್ತೀರಿ. ಅದಕ್ಕೆ ಪೇಂಟ್ ಅಂಗಡಿಯ ಬಣ್ಣದ ಪಟ್ಟಿ ಕಿಸೆಯಲ್ಲಿಟ್ಟುಕೊಂಡು, ಅಲ್ಲೇ ಕಣ್ಣಿಗೆ ಹಿಡಿದು ಹೋಲಿಸಿ ನಂಬರ್ ಬರೆದುಕೊಳ್ಳಿ. ಮಧ್ಯಾಹ್ನವೇ ಹೋಗಿ ಹಗ್ಗದ ಪಕ್ಕ ಜಾಗ ಹಿಡಿಯಿರಿ. ಇಬ್ಬರು ಹೋದರೆ ಒಳ್ಳೇದು: ಒಬ್ಬ ಪಕ್ಕದ ಚಿತ್ರಕ್ಕೆ, ಇನ್ನೊಬ್ಬ ಎದುರಿನ ಚಿತ್ರಕ್ಕೆ. ಮೋಟಾರು ನಿಂತ ಹೊತ್ತಿನಲ್ಲಿ ಬಂಗಾರ ದೋಚಲು ಓಡಬೇಡಿ. ಮೊದಲು ಟೈರಿನ ಮೇಲಿನ ಅಕ್ಷರದ ಚಿತ್ರ ತೆಗೆಯಿರಿ.