ಓಟ ನಿಲ್ಲಿಸಿದ ಕುದುರೆಯನ್ನು ಕೊಳ್ಳುವ ಮುನ್ನ

ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದವರು ನನ್ನಿಂದ ಮಾವಿನಕಾಯಿ ಗುಳಂಬವನ್ನೋ ನಾಗಪಂಚಮಿಯ ಉಂಡಿಗಳನ್ನೋ ನಿರೀಕ್ಷಿಸಿರಬೇಕು. ನಾನು ಬರೆಯಹೊರಟಿರುವುದು ಕುದುರೆಯ ಬಗ್ಗೆ. ನಗಬೇಡಿ. ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಿಮ್ಮಲ್ಲೇ ಇಬ್ಬರು ನನ್ನ ಪಕ್ಕಕ್ಕೆ ಕುಳಿತು, "ಆಂಟಿ, ರೇಸ್ ಮುಗಿಸಿದ ಕುದುರೆ ಪುಕ್ಕಟೆ ಸಿಗುತ್ತದಂತೆ, ಹೌದೇ?" ಎಂದು ಕೇಳಿದಿರಿ. ಕೈಯಲ್ಲಿ ಹೋಳಿಗೆ ಇದ್ದುದರಿಂದ "ಹೌದು, ಆದರೆ..." ಎಂದಷ್ಟೇ ಹೇಳಿದ್ದೆ. ಆ "ಆದರೆ"ಯ ಮುಂದಿನ ಭಾಗ ಇದು.

2016ರ ಒಂದು ಸಂಜೆ. ಮಗಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಲ್ಲಿಯೇ ಪುಣೆಯ ಒಂದು ರೈಡಿಂಗ್ ಶಾಲೆಯಲ್ಲಿ ಕಾಲೇಜಿನ ದಿನಗಳಿಂದಲೂ ಸವಾರಿ ಕಲಿಯುತ್ತಿದ್ದಳು. ಚಹಾ ಕುಡಿಯುತ್ತ, "ಅವ್ವಾ, ನಾ ಒಂದು ಕುದರಿ ತಗೋಬೇಕಂತ ಮಾಡೇನಿ" ಎಂದಳು. ಸ್ಕೂಟರಿಗೆ ಹೊಸ ಹೆಸರೇನೋ ಬಂದಿರಬೇಕೆಂದು ನಾನು ತಿಳಿದೆ. ಅವಳಪ್ಪ ಪೇಪರು ಕೆಳಗಿಟ್ಟು, "ಎಲ್ಲಿ ಕಟ್ತೀ? ಮೂರನೇ ಮಾಳಿಗಿ ಬಾಲ್ಕನ್ಯಾಗ?" ಎಂದರು. ಧಾರವಾಡದಲ್ಲಿ ನಮ್ಮ ಮನೆಯ ಮುಂದೆ ಟಾಂಗಾ ನಿಲ್ಲುತ್ತಿದ್ದುದರಿಂದ ಕುದುರೆ ನನಗೆ ಹೊಸದೇನಲ್ಲ. ಆದರೆ ಕುದುರೆಯನ್ನು ಕೊಳ್ಳುವುದು ಎಂದರೇನು ಎಂಬುದು ಅದರ ಮುಂದಿನ ಐದು ತಿಂಗಳಲ್ಲಿ ಗೊತ್ತಾಯಿತು.

ನಮ್ಮ ಟರ್ಫ್ ಕ್ಲಬ್ಬುಗಳ ರೇಸಿನಲ್ಲಿ ಓಡುವವು 'ಥರೋಬ್ರೆಡ್' ಎಂಬ ತಳಿಯ ಕುದುರೆಗಳು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮತ್ತು ಹದಿನೆಂಟನೆಯದರ ಮೊದಲಲ್ಲಿ ಇಂಗ್ಲೆಂಡಿಗೆ ಬಂದ ಮೂರು ಗಂಡು ಕುದುರೆಗಳಿಗೆ ಇವುಗಳೆಲ್ಲದರ ತಂದೆಯ ವಂಶ ಹೋಗಿ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ನಮಗೆ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತೇವೆ, ಶ್ರಾದ್ಧದ ದಿನ ಭಟ್ಟರೇ ನೆನಪಿಸಬೇಕು. ಈ ಕುದುರೆಗಳ ಗೋತ್ರಪ್ರವರ ಮಾತ್ರ ಅಚ್ಚಾಗಿ ಕುಳಿತಿದೆ. ಇಂಗ್ಲೆಂಡಿನ 'ಜನರಲ್ ಸ್ಟಡ್ ಬುಕ್' 1791ರದು. ಭಾರತದ ಸ್ಟಡ್ ಬುಕ್ ಇಡುವ ಕಚೇರಿ ಇರುವುದು ನಮ್ಮ ಪುಣೆಯಲ್ಲೇ. ಇವುಗಳಿಗೆಲ್ಲ ವಯಸ್ಸು ಏರುವುದೂ ಒಂದೇ ದಿನ, ಜನವರಿ 1ಕ್ಕೆ. ನಮ್ಮ ಕಾಲದ ಮಾಸ್ತರರು ಶಾಲೆಗೆ ಬಂದ ಮಕ್ಕಳಿಗೆಲ್ಲ ಜೂನ್ 1 ಎಂದು ಹುಟ್ಟಿದ ದಿನ ಬರೆಯುತ್ತಿದ್ದರಲ್ಲ, ಹಾಗೆ.

ಈಗ ಒಂದು ಲೆಕ್ಕ ಕೇಳಿ. ರೇಸಿನ ಕುದುರೆ ಎರಡು ಮೂರು ವರ್ಷಕ್ಕೆ ಓಡಲು ಆರಂಭಿಸುತ್ತದೆ. ಐದಾರು ವರ್ಷ, ಹೆಚ್ಚೆಂದರೆ ಏಳೆಂಟು ವರ್ಷ ತುಂಬುವಷ್ಟರಲ್ಲಿ ಅದರ ಓಟ ಮುಗಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲದು. ಅಂದರೆ ನಿವೃತ್ತಿಯ ನಂತರ ಇಪ್ಪತ್ತು ವರ್ಷ. ಓಡದ ಕುದುರೆಗೂ ತಿಂಗಳ ಖರ್ಚು ತಪ್ಪುವುದಿಲ್ಲವಾದ್ದರಿಂದ ಮಾಲೀಕರು ಅದನ್ನು ಬೇಗ ಸಾಗಹಾಕಲು ನೋಡುತ್ತಾರೆ. ಗೆದ್ದವು ಸಂತಾನಕ್ಕೆಂದು ಸ್ಟಡ್ ಫಾರ್ಮಿಗೆ ಹೋಗುತ್ತವೆ. ಕೆಲವು ರೈಡಿಂಗ್ ಶಾಲೆಗಳಿಗೆ, ಕೆಲವು ಮದುವೆಯ ಮೆರವಣಿಗೆಗೆ. ಸೀರಮ್ ತೆಗೆಯಲೂ ಬಳಸುತ್ತಿದ್ದರು. ಪೂನಾವಾಲಾ ಕುಟುಂಬದ ಸ್ಟಡ್ ಫಾರ್ಮಿನ ನಿವೃತ್ತ ಕುದುರೆಗಳು ಹಿಂದೆ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಇದೇ ಕೆಲಸಕ್ಕೆ ಹೋಗುತ್ತಿದ್ದವು. ಆ ಕೆಲಸವನ್ನು ತಾವೇ ಏಕೆ ಮಾಡಬಾರದೆಂಬ ಯೋಚನೆಯಿಂದಲೇ 1966ರಲ್ಲಿ ಇಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಕೋವಿಡ್ ಲಸಿಕೆ ಚುಚ್ಚಿಸಿಕೊಂಡಾಗ ನಿಮ್ಮಲ್ಲಿ ಎಷ್ಟು ಜನರಿಗೆ ಕುದುರೆ ನೆನಪಾಗಿತ್ತು?

ನಮ್ಮ ಕಥೆಗೆ ಬರುತ್ತೇನೆ. ಪುಣೆಯ ರೇಸುಗಳು ಮಳೆಗಾಲದ್ದು; ಅವು ಮುಗಿದ ಮೇಲೆ ಕುದುರೆಗಳು ಮುಂಬಯಿಯ ಮಹಾಲಕ್ಷ್ಮಿಗೆ ಹೊರಡುತ್ತವೆ. ಹೊರಡುವ ಮುನ್ನ ಯಾವ ಕುದುರೆಯನ್ನು ಬಿಟ್ಟುಹೋಗುವುದು ಎಂಬ ಮಾತು ಲಾಯಗಳಲ್ಲಿ ನಡೆದಿರುತ್ತದೆ. ಮಗಳ ರೈಡಿಂಗ್ ಗುರುಗಳು ಆಗಲೇ ವಿಚಾರಿಸಿ ಎಂದರು.

ನಾವು ಮೊದಲು ನೋಡಿದ್ದು ಹೊಂಬಣ್ಣದ, ಹಣೆಯ ಮೇಲೆ ಬಿಳಿಯ ನಾಮವಿದ್ದ ಗಂಡು ಕುದುರೆ. ಮಧ್ಯವರ್ತಿ ಮಧ್ಯಾಹ್ನ ನಾಲ್ಕಕ್ಕೆ ಬರಹೇಳಿದ್ದ. ಹೋದಾಗ ಮೈ ಉಜ್ಜಿ, ಜೀನು ಬಿಗಿದು ಸಿದ್ಧವಾಗಿಟ್ಟಿದ್ದ. ಚಿತ್ರದಲ್ಲಿ ಬರೆದಂತಿತ್ತು. ಓಡಿಸಿ ತೋರಿಸಿದ, ಸುಂದರವಾಗಿ ಓಡಿತು. ಬೆಲೆಯೂ ನಮ್ಮ ಕೈಗೆ ಎಟುಕುವಂಥದೇ. ಮಗಳ ಕಣ್ಣಲ್ಲಿ ನೀರು. ನಾನೇ ಚೆಕ್‌ಬುಕ್ಕಿಗೆ ಕೈಹಾಕಿದ್ದೆ, ಸುಳ್ಳೇಕೆ ಹೇಳಲಿ? ಗುರುಗಳು ಮಾತ್ರ, "ಇನ್ನೊಮ್ಮೆ ಬನ್ನಿ. ಬೆಳಿಗ್ಗೆ ಆರಕ್ಕೆ, ಹೇಳದೆ" ಎಂದರು.

ಹತ್ತು ದಿನ ಬಿಟ್ಟು ಹೋದೆವು. ಅದೇ ಕುದುರೆ ಲಾಯದಿಂದ ಹೊರಬರುವಾಗ ತಲೆ ಆಡಿಸುತ್ತಿತ್ತು. ಇದನ್ನು ನೆನಪಿಡಿ: ಮುಂಗಾಲಿನಲ್ಲಿ ನೋವಿರುವ ಕುದುರೆ ಆ ಕಾಲನ್ನು ಊರುವಾಗ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲನ್ನು ಊರುವಾಗ ತಲೆ ತಗ್ಗಿಸುತ್ತದೆ. ಗಟ್ಟಿ ನೆಲದ ಮೇಲೆ, ಲಗಾಮು ಸಡಿಲ ಬಿಟ್ಟು, ಹಗುರವಾಗಿ ಓಡಿಸಿದರೆ ಚೆನ್ನಾಗಿ ಕಾಣುತ್ತದೆ. ಗುರುಗಳು ಮಗಳ ಕೈ ಹಿಡಿದು ಅಂಗೈಯ ಹಿಂಬದಿಯನ್ನು ಮೊದಲು ಒಂದು ಮುಂಗಾಲಿಗೆ, ಆಮೇಲೆ ಇನ್ನೊಂದಕ್ಕೆ ತಾಗಿಸಿದರು. ಎಡಗಾಲು ಬೆಚ್ಚಗಿತ್ತು. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಹಗ್ಗದಂತೆ ಇಳಿಯುವ ಸ್ನಾಯುರಜ್ಜು ಇದೆಯಲ್ಲ, ಅದು ನೇರವಾಗಿರಬೇಕು. ಅಲ್ಲಿ ಬಿಲ್ಲಿನಂತೆ ಉಬ್ಬು. ನಾಗಾಲೋಟದಲ್ಲಿ ಮೈಭಾರವೆಲ್ಲ ಒಂದು ಗಳಿಗೆ ಒಂದೇ ಕಾಲಿನ ಮೇಲೆ ಬೀಳುವುದರಿಂದ ರೇಸಿನ ಕುದುರೆಗಳಿಗೆ ಮುಖ್ಯವಾಗಿ ಆಗುವ ಪೆಟ್ಟು ಇದು. ಮಾಯುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಳೆಯ ಬಲವೂ ಪೂರ್ತಿ ಮರಳದು.

ಹಾಗಾದರೆ ಆ ದಿನ ಹೇಗೆ ಓಡಿತು? ನೋವು ಮರೆಸುವ ಔಷಧಗಳಿವೆ. ನಾಲ್ಕು ದಿನ ಕೊಟ್ಟರೆ ಕುಂಟು ಕಾಣುವುದೇ ಇಲ್ಲ. ನಮ್ಮ ವಿಷಯದಲ್ಲಿ ಕೊಟ್ಟಿದ್ದರೆಂದು ನಾನು ಆಣೆ ಮಾಡಿ ಹೇಳಲಾರೆ, ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಮಗಳು ಇಡೀ ದಾರಿ ಮಾತಾಡಲಿಲ್ಲ. "ನಾವು ಬಿಟ್ಟರ ಅದನ್ನ ಯಾರು ತಗೋತಾರವ್ವಾ?" ಎಂದು ರಾತ್ರಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಈಗೆಲ್ಲಿದೆಯೋ ಗೊತ್ತಿಲ್ಲ.

ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದು ಎನ್ನುತ್ತಾರೆ. ಎಮ್ಮೆಯದು ಬಿಡಿ, ಕುದುರೆಯದು ನೋಡಲೇಬೇಕು. ಮುಂದಿನ ಹಾಲುಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿಜೋಡಿಯಾಗಿ ಬಿದ್ದು ಐದಕ್ಕೆ ಬಾಯಿ ತುಂಬುತ್ತದೆ. ಅಲ್ಲಿಯವರೆಗೆ ಹಲ್ಲು ಸುಳ್ಳು ಹೇಳುವುದಿಲ್ಲ. ಆಮೇಲೆ ಸವೆತ ನೋಡಿ ಅಂದಾಜು ಮಾಡಬೇಕು. ಥರೋಬ್ರೆಡ್ ಆದರೆ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ವಯಸ್ಸು, ತಂದೆತಾಯಿ, ಮೈಮೇಲಿನ ಗುರುತು ಎಲ್ಲ ಇರುತ್ತವೆ. ಗುರುತುಗಳಲ್ಲಿ ಸುಳಿಗಳೂ ಸೇರಿವೆ ಎಂದು ತಿಳಿದಾಗ ನನಗೆ ನಗು ಬಂತು. ಊರಲ್ಲಿ ನಮ್ಮ ಅಜ್ಜ ಎತ್ತು ಕೊಳ್ಳುವಾಗ ಸುಳಿ ನೋಡಿ ಶುಭ ಅಶುಭ ಹೇಳುತ್ತಿದ್ದ. ಪಾಸ್‌ಪೋರ್ಟಿನ ಸುಳಿ ಹೇಳುವುದು ಇಷ್ಟೇ: ಕಾಗದದಲ್ಲಿರುವ ಕುದುರೆಯೂ ಎದುರಿಗೆ ನಿಂತಿರುವುದೂ ಒಂದೇ. ಅದನ್ನು ನೀವೇ ಹೋಲಿಸಿ ನೋಡಿ.

ಎರಡನೆಯದು ಸಿಕ್ಕಿದ್ದು ನವೆಂಬರಿನಲ್ಲಿ. ಮಂಕು ಕಂದು ಬಣ್ಣ, ಉದ್ದ ಕಿವಿ, ಆರು ವರ್ಷ. ಬೀಜ ತೆಗೆಸಿದ ಗಂಡು, ಅಂದರೆ ಗೆಲ್ಡಿಂಗ್. ಹೊಸಬರು ಬೀಜದ ಕುದುರೆಯ ತಂಟೆಗೆ ಹೋಗಬಾರದು. ನಾವು ಹೋದಾಗ ಅದು ಆಕಳಿಸುತ್ತಿತ್ತು. ಏಕೆ ಮಾರುತ್ತಿದ್ದೀರಿ ಎಂದರೆ ಟ್ರೈನರ್ ಮುಚ್ಚಿಡದೆ, "ಓಡುವುದಿಲ್ಲ. ಒಂದು ಸಲವೂ ಮೊದಲ ನಾಲ್ಕರಲ್ಲಿ ಬಂದಿಲ್ಲ" ಎಂದರು. ಗುರುಗಳ ಮುಖ ಅರಳಿತು. ನಿಧಾನದ ಕುದುರೆ ತನ್ನ ಕಾಲು ಮುರಿದುಕೊಳ್ಳುವಷ್ಟು ಶ್ರಮಪಟ್ಟಿರುವುದಿಲ್ಲವಂತೆ. ಹುಡುಗನಿಗೆ ಸಂಬಳ ಕಡಿಮೆ ಎಂದು ಮೂಗು ಮುರಿಯುವವರು ಈ ಮಾತನ್ನು ಕೇಳಬೇಕಿತ್ತು.

ಈ ಸಲ ಪಶುವೈದ್ಯರನ್ನು ನಾವೇ ಕರೆತಂದೆವು. ಮಾರುವವರ ವೈದ್ಯರು ಎಷ್ಟೇ ಒಳ್ಳೆಯವರಿರಲಿ, ನಿಮ್ಮವರು ಬೇರೆ ಇರಬೇಕು. ಅವರು ಒಂದೊಂದೇ ಕಾಲನ್ನು ಮಡಚಿ ಸುಮಾರು ಒಂದು ನಿಮಿಷ ಹಿಡಿದು, ಬಿಟ್ಟ ಕೂಡಲೇ ಓಡಿಸಿದರು. ಕೀಲಿನಲ್ಲಿ ನೋವು ಅಡಗಿದ್ದರೆ ಆಗ ಹೊರಬೀಳುತ್ತದೆ. ಜೋರಾಗಿ ಓಡಿಸಿ ಉಸಿರಿನ ಸದ್ದು ಕೇಳಿದರು. ಗಂಟಲಿನಲ್ಲಿ ಗೊರಗೊರ ಸದ್ದಿದ್ದರೆ ಕಷ್ಟ. ಗೊರಸು ಎತ್ತಿ ನೋಡಿದರು, ಕಾಲಿನ ಎಕ್ಸ್-ರೇ ತೆಗೆಸಿದರು. ಗ್ಲಾಂಡರ್ಸ್ ರೋಗದ ರಕ್ತ ಪರೀಕ್ಷೆಯನ್ನು ಮಾತ್ರ ಎಂದಿಗೂ ಬಿಡಬೇಡಿ. ಅದು ಮನುಷ್ಯರಿಗೂ ಅಂಟುವ ರೋಗ. ಹರಿಯಾಣದ ಹಿಸಾರದಲ್ಲಿ ಕುದುರೆಗಳದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಈ ಪರೀಕ್ಷೆ ಅಲ್ಲಿ ಆಗುತ್ತದೆ. ಲಾಯದಲ್ಲಿ ಸುಮ್ಮನೆ ಒಂದು ಗಂಟೆ ನಿಂತು ನೋಡುವುದು ಪುಕ್ಕಟೆ ಪರೀಕ್ಷೆ. ಬಾಗಿಲಿನ ಮರ ಕಚ್ಚಿ ಗಾಳಿ ನುಂಗುವುದು, ನಿಂತಲ್ಲೇ ಎಡಬಲ ತೂಗಾಡುವುದು, ಇವು ದಿನವಿಡೀ ಕಟ್ಟಿಹಾಕಿದ ಕುದುರೆಗಳು ಕಲಿಯುವ ಚಟಗಳು. ನಮ್ಮದಕ್ಕೆ ಬಕೆಟ್ ಉರುಳಿಸುವ ಚಟವೊಂದೇ ಇತ್ತು.

ಕೊಂಡ ಮರುದಿನವೇ ಜೀನು ಹಾಕಿ ಹೊರಡಬಹುದು ಎಂದುಕೊಂಡಿದ್ದರೆ ಮರೆತುಬಿಡಿ. ರೇಸಿನ ಕುದುರೆಗೆ ರೇಸು ಬಿಟ್ಟು ಏನೂ ಗೊತ್ತಿರುವುದಿಲ್ಲ. ಜಾಕಿಯನ್ನು ಕಾಲು ಹಿಡಿದೆತ್ತಿ ಹತ್ತಿಸುತ್ತಾರೆ, ಕುದುರೆ ನಡೆಯುತ್ತಲೇ ಇರುತ್ತದೆ. ಹತ್ತುವವರೆಗೆ ನಿಂತಿರಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ನೀವು ಹೆದರಿ ಲಗಾಮು ಜಗ್ಗಿದರೆ ಅದು ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಓಡುತ್ತದೆ, ಏಕೆಂದರೆ ರೇಸಿನಲ್ಲಿ ಅದು ಕಲಿತದ್ದು ಹಾಗೆ. ಮಗಳು ಮೂರು ತಿಂಗಳು ಹತ್ತಲೇ ಇಲ್ಲ. ಕೈಯಲ್ಲಿ ಹಿಡಿದು ನಡೆಸಿದಳು, ಹುಲ್ಲಿಗೆ ಬಿಟ್ಟಳು. ಮೇವನ್ನೂ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು: ಓಟ್ಸ್ ಕಡಿಮೆ, ಹುಲ್ಲು ಹೆಚ್ಚು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಒಗ್ಗದಿದ್ದರೆ ಹೊಟ್ಟೆನೋವು ಪ್ರಾಣಕ್ಕೇ ಬರಬಹುದು.

ಖರ್ಚಿನ ವಿಷಯ ಚುಟುಕಾಗಿ ಹೇಳುತ್ತೇನೆ, ಬರೆಯಲು ನನಗೇ ಸಂಕಟ. ಲಾಯದ ಬಾಡಿಗೆ, ಮೇವು, ನೋಡಿಕೊಳ್ಳುವವರ ಪಗಾರ, ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ, ಹಲ್ಲು ಅರೆಯುವುದು, ಜಂತಿನ ಔಷಧ, ಧನುರ್ವಾಯುವಿನ ಚುಚ್ಚುಮದ್ದು. ಇವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕುದುರೆಗೆ ಕೊಟ್ಟ ಬೆಲೆಯನ್ನು ಏಳನೆಯ ತಿಂಗಳಿಗೇ ಖರ್ಚು ದಾಟಿತು. ಆಮೇಲೆ ಬರೆಯುವುದನ್ನು ಬಿಟ್ಟರು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. ಆನಾ ಸೀವೆಲ್ 1877ರಲ್ಲಿ ಬರೆದ 'ಬ್ಲ್ಯಾಕ್ ಬ್ಯೂಟಿ'ಯನ್ನು ಆಗ ಮಕ್ಕಳ ಪುಸ್ತಕವೆಂದು ಓದಿ ಬದಿಗಿಟ್ಟಿದ್ದೆ. ಕುದುರೆಯೇ ಕಥೆ ಹೇಳುತ್ತದೆ. ಕುಡಿದ ಸವಾರನಿಂದಾಗಿ ಬಿದ್ದು ಮೊಣಕಾಲಿಗೆ ಗಾಯದ ಕಲೆ ಉಳಿದದ್ದೇ ನೆಪ, ಅದನ್ನು ಮಾರುತ್ತಾರೆ, ಮುಂದೆ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. 2021ರಲ್ಲಿ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದಾಗ ಆ ಪುಸ್ತಕವನ್ನು ಮತ್ತೆ ತೆಗೆದೆ. ಮೆರವಣಿಗೆಯ ಕುದುರೆಗಳನ್ನು ಇಟ್ಟುಕೊಂಡವನೊಬ್ಬ ನಮ್ಮದನ್ನು ಕೇಳಿಕೊಂಡು ಬಂದಿದ್ದ. ಕೆಟ್ಟವನೇನಲ್ಲ, ಬೆಲೆಯೂ ಸರಿಯಾಗಿತ್ತು. ಬ್ಯಾಂಡು, ಪಟಾಕಿ, ರಾತ್ರಿ ಹನ್ನೆರಡರವರೆಗೆ ಡಾಂಬರಿನ ಮೇಲೆ ನಿಲ್ಲುವುದು, ಇದನ್ನೆಲ್ಲ ಯೋಚಿಸಿ ನಾನೇ ಬೇಡವೆಂದೆ. ಇವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಬಾಲ್ಕನಿಯ ಮಾತೆತ್ತಿದ್ದವರು ತಮ್ಮ ಪೆನ್ಶನ್‌ನಿಂದ ಪಾಲು ಕೊಡುತ್ತೇನೆ ಎಂದರು.

ನಮ್ಮ ಸಂಘದ್ದೇ ಕಾಲೇಜು ಹುಡುಗಿಯೊಬ್ಬಳು ಈಗ ವಾರಕ್ಕೆ ಮೂರು ದಿನ ಅದರ ಮೇಲೆ ಸವಾರಿ ಮಾಡುತ್ತಾಳೆ, ಖರ್ಚಿನಲ್ಲಿ ಒಂದು ಭಾಗ ಕೊಡುತ್ತಾಳೆ. ನಿಮಗೆ ಆಸೆಯಿದ್ದರೆ ಮೊದಲು ಇಂಥದೊಂದು ಪಾಲಿನಿಂದ ಆರಂಭಿಸಿ. ಒಂದು ಮಳೆಗಾಲ ಕೆಸರಿನಲ್ಲಿ ಗೊರಸು ತೊಳೆದ ಮೇಲೂ ಆಸೆ ಉಳಿದರೆ ಆಗ ಸ್ವಂತದ ಮಾತು.

ಭಾನುವಾರ ಬೆಳಿಗ್ಗೆ ನಾನು ಲಾಯದಲ್ಲಿರುತ್ತೇನೆ. ನೋಡಬೇಕೆನ್ನುವವರು ಆರೂವರೆಗೆ ಬನ್ನಿ, ಬಿಸಿಲೇರಿದರೆ ಅದು ಯಾರಿಗೂ ಮುಖ ಕೊಡುವುದಿಲ್ಲ. ವಯಸ್ಸು ಹದಿನೈದಾಯಿತಲ್ಲ. ಒಂದು ಚೂರು ಬೆಲ್ಲ ತನ್ನಿ, ಹೆಚ್ಚು ಬೇಡ. ಬೆರಳಲ್ಲಿ ಹಿಡಿದು ಕೊಡಬೇಡಿ, ಅಂಗೈ ಚಪ್ಪಟೆ ಮಾಡಿ ಅದರ ಮೇಲಿಟ್ಟು ಚಾಚಿ. ನನ್ನ ಬಲಗೈ ಹೆಬ್ಬೆರಳಿನ ಗುರುತನ್ನು ಬೇಕಾದರೆ ಆಗ ತೋರಿಸುತ್ತೇನೆ.