ಅಂಕಿ-ಅಂಶಗಳ ವಿಶ್ಲೇಷಣೆಗೆ 'ಆರ್' ತಂತ್ರಾಂಶ: ನೆರವು ಪಡೆಯುವ ಕ್ರಮ

ವ್ಯಾಪಾರ ಮತ್ತು ಉದ್ದಿಮೆಗಳಲ್ಲಿ ಇಂದು ಅಂಕಿ-ಅಂಶಗಳಿಗೆ ಕೊರತೆಯಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಅನೇಕ ಸಣ್ಣ ವ್ಯಾಪಾರಿಗಳ ಬಿಲ್ಲುಗಳೂ ಗಣಕಯಂತ್ರದಲ್ಲಿ ದಾಖಲಾಗುತ್ತಿವೆ. ದಾಸ್ತಾನು, ಬಾಕಿ ವಸೂಲಿ, ವಿದ್ಯುತ್ ಬಳಕೆ, ಯಂತ್ರಗಳು ಕೆಟ್ಟು ನಿಂತ ಅವಧಿ, ಹಿಂದಿರುಗಿ ಬಂದ ಸರಕು ಇವೆಲ್ಲವೂ ಒಂದಲ್ಲ ಒಂದು ಕಡತದಲ್ಲಿ ಸೇರಿರುತ್ತವೆ. ಕೊರತೆಯಿರುವುದು ಈ ರಾಶಿಯಿಂದ ನಂಬಬಹುದಾದ ನಿರ್ಣಯವನ್ನು ಹೊರತೆಗೆಯುವ ಕ್ರಮಕ್ಕೆ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಆರ್' ಎಂಬ ಸಂಖ್ಯಾಶಾಸ್ತ್ರೀಯ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಆದರೆ ಉಚಿತ ತಂತ್ರಾಂಶದೊಂದಿಗೆ ಮಾರಾಟಗಾರನ ಸೇವಾ ಸಿಬ್ಬಂದಿ ಬರುವುದಿಲ್ಲ. ಕೆಲಸ ನಡುವೆ ನಿಂತಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಿಂತ ಹೇಗೆ ಕೇಳಬೇಕು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾಗುತ್ತದೆ.

ತಂತ್ರಾಂಶದ ಹಿನ್ನೆಲೆ

ಆರ್‌ನ ಮೂಲ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ಅಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಸಹೋದ್ಯೋಗಿಗಳು 'ಎಸ್' ಎಂಬ ಗಣಕಭಾಷೆಯನ್ನು ರೂಪಿಸತೊಡಗಿದರು. ಅದರ ಜಾಡಿನಲ್ಲೇ 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಆರ್ ಅನ್ನು ಸಿದ್ಧಪಡಿಸಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಇದೇ. 1995ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. 2000ದ ಫೆಬ್ರವರಿ 29ರಂದು 1.0.0 ಆವೃತ್ತಿ ಹೊರಬಂದಿತು. ಈ ಭಾಷೆಗೆ ಪೂರಕವಾಗಿ ಬೇರೆ ಬೇರೆ ತಜ್ಞರು ಬರೆದ ಪ್ಯಾಕೇಜುಗಳ ಸಂಖ್ಯೆ ಅಧಿಕೃತ ಭಂಡಾರದಲ್ಲಿ ಈಗ 20,000ವನ್ನು ಮೀರಿದೆ. ನಕ್ಷೆ ಬಿಡಿಸಲು ಹೆಚ್ಚು ಜನ ಬಳಸುವ 'ಜಿಜಿಪ್ಲಾಟ್-2' ಪ್ಯಾಕೇಜನ್ನು ಹ್ಯಾಡ್ಲಿ ವಿಕ್‌ಹ್ಯಾಮ್ 2007ರಲ್ಲಿ ಹೊರತಂದರು.

ಮೊದಲ ನೆರವು ತಂತ್ರಾಂಶದೊಳಗೇ

ಆರ್‌ನಲ್ಲಿ ಯಾವುದೇ ಆಜ್ಞೆಯ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟರೆ ಅದರ ವಿವರಣೆಯ ಪುಟ ತೆರೆದುಕೊಳ್ಳುತ್ತದೆ. ಆಜ್ಞೆ ಏನು ಮಾಡುತ್ತದೆ, ಯಾವ ಯಾವ ವಿವರಗಳನ್ನು ಕೇಳುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದು ಅಲ್ಲಿರುತ್ತದೆ. ಈ ಪುಟಗಳ ಭಾಷೆ ಬಿಗಿಯಾದುದರಿಂದ ಹೊಸಬರು ಮೇಲಿನಿಂದ ಓದತೊಡಗಿ ಅರ್ಧಕ್ಕೇ ಕೈಬಿಡುತ್ತಾರೆ. ಪುಟದ ಕೊನೆಯಲ್ಲಿರುವ ಉದಾಹರಣೆಗಳನ್ನು ಮೊದಲು ನಡೆಸಿ ನೋಡಿ, ಅನಂತರ ವಿವರಣೆಗೆ ಬರುವುದು ಸುಲಭದ ದಾರಿ. ಅನೇಕ ಪ್ಯಾಕೇಜುಗಳೊಂದಿಗೆ 'ವಿನ್ಯೆಟ್' ಎಂಬ ಪಾಠರೂಪದ ಬರಹವೂ ಬರುತ್ತದೆ. ದೋಷಸೂಚನೆಗಳನ್ನು ಕಂಡು ಗಾಬರಿಪಡದೆ ಪೂರ್ತಿ ಓದಬೇಕು. ಆಜ್ಞೆ ಕಂಡುಬಂದಿಲ್ಲ ಎಂಬ ಸೂಚನೆಗೆ ಬಹುಪಾಲು ಕಾರಣ ಹೆಸರಿನ ಕಾಗುಣಿತದ ತಪ್ಪು ಅಥವಾ ಪ್ಯಾಕೇಜನ್ನು ತೆರೆಯದಿರುವುದು. ಪ್ಯಾಕೇಜನ್ನು ಗಣಕಯಂತ್ರದಲ್ಲಿ ಒಮ್ಮೆ ಸ್ಥಾಪಿಸಿದರೆ ಸಾಕು. ಆದರೆ ಕೆಲಸಕ್ಕೆ ಕುಳಿತಾಗಲೆಲ್ಲ ಅದನ್ನು 'ಲೈಬ್ರರಿ' ಆಜ್ಞೆಯಿಂದ ತೆರೆಯಲೇಬೇಕು.

ಸದ್ದಿಲ್ಲದ ತಪ್ಪುಗಳು

ದೋಷಸೂಚನೆ ನೀಡಿ ನಿಲ್ಲುವ ತಪ್ಪಿಗಿಂತ, ಏನನ್ನೂ ಹೇಳದೆ ತಪ್ಪು ಉತ್ತರ ಕೊಡುವ ತಪ್ಪು ವ್ಯಾಪಾರಕ್ಕೆ ಹೆಚ್ಚು ಅಪಾಯಕಾರಿ. ನಮ್ಮ ದೇಶದ ಲೆಕ್ಕಪತ್ರಗಳನ್ನು ಆರ್‌ಗೆ ಉಣಿಸುವಾಗ ಇಂತಹ ಕೆಲವು ತೊಡಕುಗಳು ಪದೇ ಪದೇ ಎದುರಾಗುತ್ತವೆ.

ಮೊದಲನೆಯದು ಮೊತ್ತಗಳಲ್ಲಿನ ಅಲ್ಪವಿರಾಮ. 1,25,000 ಎಂದು ಬರೆದ ಮೊತ್ತವನ್ನು ಆರ್ ಸಂಖ್ಯೆಯೆಂದು ತಿಳಿಯದೆ ಅಕ್ಷರವೆಂದು ಓದುತ್ತದೆ. 2020ರ ಏಪ್ರಿಲ್‌ನಲ್ಲಿ 4.0.0 ಆವೃತ್ತಿ ಬರುವ ಮುನ್ನ ಇಂತಹ ಕಂಬಸಾಲು ತಾನಾಗಿಯೇ ವರ್ಗಗಳ ಪಟ್ಟಿಯಾಗಿಬಿಡುತ್ತಿತ್ತು. ಅದನ್ನು ನೇರವಾಗಿ ಸಂಖ್ಯೆಗೆ ಪರಿವರ್ತಿಸಿದರೆ ರೂಪಾಯಿಗಳ ಬದಲು 1, 2, 3 ಎಂಬ ವರ್ಗದ ಕ್ರಮಾಂಕಗಳು ಬರುತ್ತಿದ್ದವು. ಈಗಿನ ಆವೃತ್ತಿಗಳಲ್ಲಿ ಎಚ್ಚರಿಕೆಯ ಸೂಚನೆಯೊಂದಿಗೆ ಮೌಲ್ಯವಿಲ್ಲ ಎಂಬ ಗುರುತು ಬರುತ್ತದೆ. ಅಲ್ಪವಿರಾಮಗಳನ್ನು ತೆಗೆದ ಬಳಿಕವೇ ಪರಿವರ್ತಿಸುವುದು ಇದಕ್ಕೆ ಪರಿಹಾರ.

ಎರಡನೆಯದು ದಿನಾಂಕ. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ; ಆರ್ ವರ್ಷದಿಂದ ಆರಂಭಿಸುತ್ತದೆ. ಕ್ರಮವನ್ನು ತಿಳಿಸದೆ 05-04-2023 ಎಂಬ ಬಿಲ್ಲಿನ ದಿನಾಂಕವನ್ನು ಪರಿವರ್ತಿಸಲು ಹೇಳಿದರೆ, ಅದು ಯಾವ ತಕರಾರೂ ಇಲ್ಲದೆ ಕ್ರಿಸ್ತಶಕ 5ನೆಯ ವರ್ಷದ ಏಪ್ರಿಲ್ 20 ಎಂದು ದಾಖಲಿಸಿಕೊಳ್ಳುತ್ತದೆ. ಬಾಕಿ ಎಷ್ಟು ದಿನಗಳಿಂದ ಉಳಿದಿದೆ ಎಂಬ ಲೆಕ್ಕ ಇದರ ಮೇಲೆ ನಿಂತರೆ ಫಲಿತಾಂಶ ಏನಾಗಬಹುದೆಂದು ಊಹಿಸಬಹುದು.

ಮೂರನೆಯದು ಖಾಲಿ ಮನೆಗಳು. ಅಂಗಡಿ ಮುಚ್ಚಿದ್ದ ದಿನದ ಮಾರಾಟ ಸೊನ್ನೆಯೋ, ಬರೆಯಲು ಮರೆತ ದಿನದ ಮಾರಾಟ ಸೊನ್ನೆಯೋ? ಆರ್ ಖಾಲಿ ಮನೆಯನ್ನು 'ಲಭ್ಯವಿಲ್ಲ' ಎಂದು ಗುರುತಿಸಿ, ಅಂತಹ ಒಂದೇ ಒಂದು ಮನೆಯಿದ್ದರೂ ಸರಾಸರಿಯನ್ನು ಕೊಡಲು ನಿರಾಕರಿಸುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕೆಂದು ಆಜ್ಞಾಪಿಸುವುದು ಸುಲಭ. ಆದರೆ ಬಿಡುವುದು ಸರಿಯೇ ಎಂಬುದನ್ನು ತಂತ್ರಾಂಶ ಹೇಳಲಾರದು, ವ್ಯಾಪಾರ ಬಲ್ಲವರೇ ಹೇಳಬೇಕು.

ನಾಲ್ಕನೆಯದು ನಕ್ಷೆಯಲ್ಲಿನ ತಿಂಗಳುಗಳ ಕ್ರಮ. ತಿಂಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಜಿಜಿಪ್ಲಾಟ್ ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಏಪ್ರಿಲ್‌ನ ಬಳಿಕ ಆಗಸ್ಟ್, ಅನಂತರ ಡಿಸೆಂಬರ್, ಆಮೇಲೆ ಫೆಬ್ರವರಿ. ನಕ್ಷೆ ಏಪ್ರಿಲ್‌ನಿಂದಲೇ ಆರಂಭವಾಗುವುದರಿಂದ ಆರ್ಥಿಕ ವರ್ಷಕ್ಕೆ ಸರಿಹೊಂದಿದಂತೆ ಕಂಡು, ಮುಂದಿನ ಏರಿಳಿತಗಳೆಲ್ಲ ಸುಳ್ಳಾಗಿರುತ್ತವೆ. ತಿಂಗಳುಗಳ ಕ್ರಮವನ್ನು ಮೊದಲೇ ಸ್ಪಷ್ಟವಾಗಿ ಘೋಷಿಸಬೇಕು.

ಸರಾಸರಿ ಮುಚ್ಚಿಡುವುದನ್ನು ನಕ್ಷೆ ತೋರಿಸುತ್ತದೆ

ನಕ್ಷೆಯೆಂದರೆ ವರದಿಯ ಅಲಂಕಾರವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಇದು ತಪ್ಪೆಂಬುದನ್ನು ಫ್ರಾನ್ಸಿಸ್ ಆನ್ಸ್‌ಕಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಪುಟ್ಟ ಪಟ್ಟಿಗಳ ಮೂಲಕ ತೋರಿಸಿಕೊಟ್ಟರು. ಪ್ರತಿ ಪಟ್ಟಿಯಲ್ಲೂ 11 ಜೋಡಿ ಸಂಖ್ಯೆಗಳಿವೆ. ನಾಲ್ಕರಲ್ಲೂ ಮೊದಲ ಸಾಲಿನ ಸರಾಸರಿ 9, ಎರಡನೆಯದರ ಸರಾಸರಿ 7.5, ಎರಡರ ನಡುವಣ ಸಹಸಂಬಂಧ ಸುಮಾರು 0.82, ಅವುಗಳಿಗೆ ಹೊಂದುವ ಸರಳರೇಖೆಯೂ ಒಂದೇ. ಆದರೆ ನಕ್ಷೆ ಬಿಡಿಸಿದಾಗ ಮೊದಲನೆಯದರಲ್ಲಿ ಚುಕ್ಕೆಗಳು ರೇಖೆಯ ಆಚೀಚೆ ಹರಡಿರುತ್ತವೆ. ಎರಡನೆಯದು ಏರಿ ಇಳಿಯುವ ಬಾಗಿದ ರೇಖೆ. ಮೂರನೆಯದರಲ್ಲಿ ಒಂದೇ ಚುಕ್ಕೆ ದಾರಿ ತಪ್ಪಿ ಇಡೀ ರೇಖೆಯನ್ನು ಎಳೆದಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕೆಗಳು ಒಂದರ ಮೇಲೊಂದು ನಿಂತು, ದೂರದ ಹನ್ನೊಂದನೆಯ ಚುಕ್ಕೆಯೊಂದೇ ಸಂಬಂಧವಿರುವಂತೆ ಭ್ರಮೆ ಹುಟ್ಟಿಸುತ್ತದೆ. ಜಾಹೀರಾತಿನ ಖರ್ಚಿನಿಂದ ಮಾರಾಟ ಹೆಚ್ಚಿತೆಂದು ನಂಬುವ ಉದ್ಯಮಿ ನಿಜವಾಗಿ ನೋಡುತ್ತಿರುವುದು ಒಂದೇ ಒಂದು ದೊಡ್ಡ ಆರ್ಡರನ್ನು ಆಗಿರಬಹುದು. ಈ ನಾಲ್ಕು ಪಟ್ಟಿಗಳು ಆರ್‌ನೊಳಗೇ ಆನ್ಸ್‌ಕಂಬ್ ಎಂಬ ಹೆಸರಿನಲ್ಲಿ ಲಭ್ಯವಿವೆ. ಕಲಿಯುವವರು ಮೊದಲ ದಿನವೇ ಬಿಡಿಸಿ ನೋಡಬಹುದು.

ಪ್ರಶ್ನೆಯನ್ನು ಸಿದ್ಧಪಡಿಸುವುದು

ಇಷ್ಟಾದರೂ ಕೆಲಸ ಮುಂದುವರಿಯದಿದ್ದಾಗ ತಿಳಿದವರನ್ನು ಕೇಳಬೇಕಾಗುತ್ತದೆ. "ನಕ್ಷೆ ಸರಿಯಾಗಿ ಬರುತ್ತಿಲ್ಲ, ಏನು ಮಾಡಲಿ?" ಎಂಬ ಪ್ರಶ್ನೆಗೆ ಎಂತಹ ತಜ್ಞರೂ ಉತ್ತರಿಸಲಾರರು. ರೋಗಿಯನ್ನು ನೋಡದೆ ವೈದ್ಯರು ಔಷಧಿ ಬರೆಯಲಾಗದಂತೆಯೇ ಇದೂ. ಉತ್ತರಿಸುವವರು ತಮ್ಮ ಗಣಕಯಂತ್ರದಲ್ಲಿ ಅದೇ ತೊಂದರೆಯನ್ನು ಮರಳಿ ಕಾಣುವಂತಿರಬೇಕು. ಅದಕ್ಕೆ ನಾಲ್ಕು ಅಂಶಗಳು ಅಗತ್ಯ: ಒಂದು, ತೊಂದರೆ ಕಾಣುವಷ್ಟು ಮಾತ್ರದ ಚಿಕ್ಕ ದತ್ತಾಂಶ, ಎರಡು, ಆರಂಭದಿಂದ ಕೊನೆಯವರೆಗೆ ನಡೆಯುವ ಆಜ್ಞೆಗಳು, ಮೂರು, ಯಾವ ಫಲಿತಾಂಶ ಬೇಕಿತ್ತು ಮತ್ತು ಏನು ಬಂತು ಎಂಬ ವಿವರ, ದೋಷಸೂಚನೆಯ ಯಥಾವತ್ ಪ್ರತಿ ಸಹಿತ, ನಾಲ್ಕು, ಆರ್ ಮತ್ತು ಪ್ಯಾಕೇಜುಗಳ ಆವೃತ್ತಿ.

ದತ್ತಾಂಶದ ಪರದೆಚಿತ್ರ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಚಿತ್ರದಲ್ಲಿ ಸಂಖ್ಯೆಯಂತೆ ಕಾಣುವುದು ಅಕ್ಷರವಾಗಿರಬಹುದು. 'ಡಿಪುಟ್' ಎಂಬ ಆಜ್ಞೆ ಕೋಷ್ಟಕವನ್ನು ಅದರ ಒಳರಚನೆಯ ಸಮೇತ ಪಠ್ಯವಾಗಿ ಬರೆದುಕೊಡುತ್ತದೆ. ಅದನ್ನು ಮತ್ತೊಬ್ಬರು ತಮ್ಮಲ್ಲಿ ಅಂಟಿಸಿದೊಡನೆ ಅದೇ ಕೋಷ್ಟಕ ಸಿದ್ಧ. ಆವೃತ್ತಿಗಳ ವಿವರವನ್ನು 'ಸೆಷನ್ ಇನ್ಫೋ' ಆಜ್ಞೆ ನೀಡುತ್ತದೆ. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದ್ದರೆ 'ಸೆಟ್ ಸೀಡ್' ಆಜ್ಞೆಯಿಂದ ಆರಂಭಿಸಿದಾಗ ಇಬ್ಬರಿಗೂ ಒಂದೇ ಉತ್ತರ ಬರುತ್ತದೆ. ಹತ್ತು ಸಾವಿರ ಸಾಲುಗಳ ಕಡತವನ್ನು ಹತ್ತು ಸಾಲಿಗೆ ಇಳಿಸುವ ಈ ಶ್ರಮದಲ್ಲಿಯೇ ಎಷ್ಟೋ ಬಾರಿ ತಪ್ಪು ತಾನಾಗಿ ಕಣ್ಣಿಗೆ ಬಿದ್ದು, ಕೇಳುವ ಅಗತ್ಯವೇ ಉಳಿಯುವುದಿಲ್ಲ.

ವ್ಯಾಪಾರದ ಗುಟ್ಟು ಹೊರಹೋಗದಂತೆ

ಲೆಕ್ಕವನ್ನು ಹೊರಗಿನವರಿಗೆ ತೋರಿಸುವುದೆಂದರೆ ವ್ಯಾಪಾರಿಗೆ ಸಹಜವಾಗಿಯೇ ಅಳುಕು. ಗ್ರಾಹಕರ ಹೆಸರು, ದರ, ಲಾಭಾಂಶ ಇವು ಪ್ರತಿಸ್ಪರ್ಧಿಗಳ ಕೈಗೆ ಸಿಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಹಿನ್ನೆಲೆಯಲ್ಲಿ ಗ್ರಾಹಕರ ವಿವರಗಳ ಹೊಣೆಗಾರಿಕೆಯೂ ಹೆಚ್ಚಿದೆ. ಆದುದರಿಂದ ನೈಜ ಕಡತದ ರಚನೆಯನ್ನಷ್ಟೇ ಉಳಿಸಿಕೊಂಡು ಕಲ್ಪಿತ ಸಂಖ್ಯೆಗಳ ಚಿಕ್ಕ ಕೋಷ್ಟಕವನ್ನು ತಯಾರಿಸುವುದು ಉತ್ತಮ. ಆರ್‌ನಲ್ಲಿ ಮೊದಲೇ ಅಡಕವಾಗಿರುವ ಮಾದರಿ ಕೋಷ್ಟಕಗಳಲ್ಲೂ ತೊಂದರೆಯನ್ನು ತೋರಿಸಬಹುದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗ್ರಾಹಕರ ಹೆಸರಿನ ಕಂಬಸಾಲು ವರ್ಗಗಳ ರೂಪದಲ್ಲಿದ್ದರೆ, ಆರೇ ಆರು ಸಾಲುಗಳನ್ನು ಆಯ್ದು ಡಿಪುಟ್ ಮಾಡಿದರೂ ಇಡೀ ಕಡತದ ಎಲ್ಲ ಗ್ರಾಹಕರ ಹೆಸರುಗಳೂ ಅದರೊಳಗೆ ಸೇರಿ ಹೊರಬೀಳುತ್ತವೆ. ಬಳಕೆಯಾಗದ ವರ್ಗಗಳನ್ನು 'ಡ್ರಾಪ್ ಲೆವೆಲ್ಸ್' ಆಜ್ಞೆಯಿಂದ ತೆಗೆದು, ಉಳಿದ ಹೆಸರುಗಳಿಗೂ ಸಂಕೇತ ನೀಡಿ, ಕಳುಹಿಸುವ ಮುನ್ನ ಒಮ್ಮೆ ಕಣ್ಣಾಡಿಸಬೇಕು.

2022ರ ಕೊನೆಯಿಂದೀಚೆಗೆ ಸಾರ್ವಜನಿಕ ಬಳಕೆಗೆ ಬಂದ ಕೃತಕ ಬುದ್ಧಿಮತ್ತೆಯ ಸಹಾಯಕಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅವು ಆರ್‌ನ ಆಜ್ಞೆಗಳನ್ನು ಕ್ಷಣಮಾತ್ರದಲ್ಲಿ ಬರೆದುಕೊಡುತ್ತವೆ. ಆದರೆ ಒಮ್ಮೊಮ್ಮೆ ಇಲ್ಲದ ಆಜ್ಞೆಗಳನ್ನೂ ಅಷ್ಟೇ ವಿಶ್ವಾಸದಿಂದ ಸೂಚಿಸುತ್ತವೆ. ಕೈಲೆಕ್ಕದಿಂದ ಉತ್ತರ ತಿಳಿದಿರುವ ಹತ್ತು ಸಾಲಿನ ಕೋಷ್ಟಕದ ಮೇಲೆ ಪರೀಕ್ಷಿಸದೆ ಅಂತಹ ಆಜ್ಞೆಗಳನ್ನು ಇಡೀ ವರ್ಷದ ಲೆಕ್ಕಕ್ಕೆ ಹಚ್ಚಬಾರದು.

ತೋರಿಸಿದ ಲೆಕ್ಕವನ್ನು ತಿದ್ದಬಹುದು

ಲೆಕ್ಕವನ್ನು ಮತ್ತೊಬ್ಬರು ನಡೆಸಿ ನೋಡುವಂತಿರಬೇಕೆಂಬುದು ಕೇವಲ ಹೊಸಬರಿಗೆ ಹೇಳುವ ಪಾಠವಲ್ಲ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಪ್ರಕಟಿಸಿದ ಪ್ರಬಂಧವೊಂದು, ಸಾರ್ವಜನಿಕ ಸಾಲ ರಾಷ್ಟ್ರೀಯ ಉತ್ಪನ್ನದ ಶೇ. 90ನ್ನು ಮೀರಿದ ಮುಂದುವರಿದ ದೇಶಗಳ ಸರಾಸರಿ ಬೆಳವಣಿಗೆ ಶೇ. -0.1 ಎಂದು ತಿಳಿಸಿತ್ತು. ಸರ್ಕಾರಿ ವೆಚ್ಚದ ಕಡಿತವನ್ನು ಸಮರ್ಥಿಸಲು ಈ ಪ್ರಬಂಧವನ್ನು ಅನೇಕ ನಾಯಕರು ಉಲ್ಲೇಖಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್‌ರಿಗೆ ಅದೇ ಉತ್ತರ ಮರಳಿ ದೊರೆಯಲಿಲ್ಲ. ಅವರು ಕೇಳಿದಾಗ ಲೇಖಕರು ತಮ್ಮ ಸ್ಪ್ರೆಡ್‌ಶೀಟನ್ನು ಕಳುಹಿಸಿಕೊಟ್ಟರು. ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟಿದ್ದುದು ಆಗ ಬೆಳಕಿಗೆ ಬಂದಿತು. ಈ ಲೋಪದೊಂದಿಗೆ, ಕೆಲವು ವರ್ಷಗಳ ಅಂಕಿಗಳನ್ನು ಸೇರಿಸದಿದ್ದುದನ್ನೂ ದೇಶಗಳಿಗೆ ತೂಕ ನೀಡಿದ ಕ್ರಮವನ್ನೂ ಬದಲಿಸಿ ಲೆಕ್ಕ ಹಾಕಿದಾಗ ಸರಾಸರಿ ಶೇ. 2.2 ಆಯಿತೆಂದು ಹರ್ನ್‌ಡನ್ ಮತ್ತು ಅವರ ಇಬ್ಬರು ಪ್ರಾಧ್ಯಾಪಕರು 2013ರಲ್ಲಿ ವರದಿ ಮಾಡಿದರು. ಸೂತ್ರದ ಲೋಪವನ್ನು ಮೂಲ ಲೇಖಕರು ಒಪ್ಪಿದರು. ತಮ್ಮ ಒಟ್ಟು ನಿಲುವನ್ನು ಬಿಡಲಿಲ್ಲ.

ಆರ್‌ನಲ್ಲಿ ಬರೆದರೆ ತಪ್ಪಾಗದು ಎಂದು ಇದರ ಅರ್ಥವಲ್ಲ. ಸ್ಪ್ರೆಡ್‌ಶೀಟಿನಲ್ಲಿ ಸೂತ್ರ ಮನೆಯೊಳಗೆ ಅಡಗಿರುತ್ತದೆ. ಆರ್‌ನಲ್ಲಿ ಕಚ್ಚಾ ಕಡತದಿಂದ ಅಂತಿಮ ನಕ್ಷೆಯವರೆಗಿನ ಪ್ರತಿ ಹೆಜ್ಜೆಯೂ ಸಾಲು ಸಾಲಾಗಿ ಬರಹದಲ್ಲಿರುತ್ತದೆ. ಲೆಕ್ಕ ಬರೆದ ನೌಕರ ಕೆಲಸ ಬಿಟ್ಟುಹೋದರೂ ಮುಂದಿನವರು ಅದನ್ನು ಓದಿ, ನಡೆಸಿ, ತಿದ್ದಬಹುದು.

ಕಲಿಕೆ ಮತ್ತು ಸಲಹೆ

ಈ ದಾರಿಯಲ್ಲಿ ಮುಂದುವರಿಯಲು ಬಯಸುವವರಿಗೆ ದೇಶದೊಳಗೇ ಆಸರೆಗಳಿವೆ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ 'ಫಾಸಿ' ಯೋಜನೆ ಆರ್ ಸೇರಿದಂತೆ ಮುಕ್ತ ತಂತ್ರಾಂಶಗಳ ಬಳಕೆಯನ್ನು ಉತ್ತೇಜಿಸುತ್ತದೆ. ಅದೇ ಸಂಸ್ಥೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಆರ್ ಕುರಿತ ದೃಶ್ಯಪಾಠಗಳಿವೆ. 1931ರಲ್ಲಿ ಪಿ.ಸಿ. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಗುಣಮಟ್ಟ ನಿಯಂತ್ರಣದ ವಿಷಯದಲ್ಲಿ ಉದ್ದಿಮೆಗಳಿಗೆ ತರಬೇತಿ, ಸಲಹೆ ನೀಡುವುದು ಅದರ ಹಳೆಯ ಪರಿಪಾಠ. ಸಂಖ್ಯಾಶಾಸ್ತ್ರ ವಿಭಾಗವಿರುವ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೆಲಸಕ್ಕಾಗಿ ನೈಜ ಸಮಸ್ಯೆಗಳು ಬೇಕಿರುತ್ತವೆ. ಜಿಲ್ಲಾ ಮಟ್ಟದ ಉದ್ದಿಮೆಗಳು ಅವರೊಂದಿಗೆ ಸಂಪರ್ಕ ಬೆಳೆಸಿದರೆ ಇಬ್ಬರಿಗೂ ಲಾಭ.

ಆರಂಭಿಸಲು ದೊಡ್ಡ ಯೋಜನೆಯ ಅಗತ್ಯವಿಲ್ಲ. ಕಳೆದ ಒಂದು ವರ್ಷದ ಮಾರಾಟದ ಕಡತ, ತಿಂಗಳವಾರು ಒಂದು ನಕ್ಷೆ, ಅದನ್ನು ಬಿಡಿಸಿದ ಆಜ್ಞೆಗಳ ಒಂದು ಪುಟ ಇಷ್ಟು ಸಾಕು. ಆ ಒಂದು ಪುಟವನ್ನು ಕಚೇರಿಯ ಮತ್ತೊಬ್ಬರು ತಮ್ಮ ಗಣಕಯಂತ್ರದಲ್ಲಿ ನಡೆಸಿ ಅದೇ ನಕ್ಷೆಯನ್ನು ಪಡೆದರೆ, ಆ ಲೆಕ್ಕದ ಮೇಲೆ ನೆರವು ಕೇಳಲೂಬಹುದು, ಬಂಡವಾಳ ಹೂಡುವ ಮುನ್ನ ಚರ್ಚಿಸಲೂಬಹುದು.